ಅಸ್ಸಾಮಿನ ಆಳುಗಳು: ಮೇಸ್ತ್ರಿ ಮೂಲಕವೋ, ನೇರವಾಗಿಯೋ?

ಅರೇಬಿಕಾ ಕಾಫಿ ಕೊಯ್ಲಿಗೆ ಮೂಡಿಗೆರೆ, ಸಕಲೇಶಪುರದ ತೋಟಗಳಿಗೆ ಅಸ್ಸಾಮಿನವರು ಬಂದಿಳಿದರೆ ಪೇಟೆಯಲ್ಲಿ ಒಂದೇ ಮಾತು: 'ಇವರು ಬಾಂಗ್ಲಾದವರಲ್ವಾ?' ಆಳು ಕರೆಸುವ ದಾರಿ ಆರಿಸುವಾಗ ಈ ಅನುಮಾನವೂ ಲೆಕ್ಕಕ್ಕೆ ಬರುತ್ತದೆ.

ಮೇಸ್ತ್ರಿ, ಅಂದರೆ ಆಳು ಒದಗಿಸುವ ಗುತ್ತಿಗೆದಾರನ ಮೂಲಕ ತಂದರೆ ಓಡಾಟ ಕಡಿಮೆ. ಆದರೆ ಮುಂಗಡ ಅವನ ಕೈಲಿ, ಗುರುತಿನ ಚೀಟಿಯ ಮಸುಕು ಜೆರಾಕ್ಸ್ ನಿಮ್ಮ ಕೈಲಿ. ಅವನು ಕೂಲಿ ಕೊಡದೆ ಹೋದರೆ ಕಾನೂನಿನಂತೆ ಮಾಲೀಕರೇ ತೆರಬೇಕು.

ನೇರವಾಗಿ ಕರೆಸಿದರೆ ಕೆಲಸ ಜಾಸ್ತಿ. ಮೂಲ ಆಧಾರ್ ಕೇಳಿ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹೆಸರು, ಫೋಟೊ ತಾಳೆ ನೋಡಿ, ಕಾರ್ಡನ್ನು ಅಲ್ಲೇ ವಾಪಸ್ ಕೊಡಿ, ಇಟ್ಟುಕೊಳ್ಳುವುದು ತಪ್ಪು. ಲೈನ್ ಮನೆಯಲ್ಲಿ (ತೋಟದ ಆಳುಗಳ ಸಾಲು ಮನೆ) ಇರುವವರ ಪಟ್ಟಿಯನ್ನು ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕೂಲಿ ಅವರವರ ಖಾತೆಗೇ ಹಾಕಿದರೆ ದಾಖಲೆ ಉಳಿಯುತ್ತದೆ.

ಎರಡರಲ್ಲೂ ಎಡವುವುದು ಒಂದೇ ಕಡೆ. ಆಧಾರ್ ಪೌರತ್ವದ ಪುರಾವೆಯಲ್ಲ. ಕಾನೂನುಬದ್ಧವಾಗಿ 182 ದಿನ ನೆಲೆಸಿದ ವಿದೇಶಿಯರಿಗೂ ಸಿಗುತ್ತದೆ. ಹಾಗೆಂದು ಅಸ್ಸಾಮಿನ ಪೌರರ ನೋಂದಣಿಯಾದ 2019ರ ಎನ್‌ಆರ್‌ಸಿ ಪಟ್ಟಿಯಲ್ಲಿ ಹೆಸರಿಲ್ಲದ ಮಾತ್ರಕ್ಕೆ ಯಾರೂ ವಿದೇಶಿಯಾಗುವುದಿಲ್ಲ. ಅದರಿಂದ ಹೊರಗುಳಿದವರೇ 19 ಲಕ್ಷಕ್ಕೂ ಹೆಚ್ಚು! ಅಸ್ಸಾಮಿನಲ್ಲಿ ತೀರ್ಮಾನ ವಿದೇಶಿಯರ ನ್ಯಾಯಮಂಡಳಿಯದು, ತೋಟದ ಲೆಕ್ಕ ಬರೆಯುವ ರೈಟರ್‌ದಲ್ಲ.

ಹತ್ತಾರು ಎಕರೆಯವರಿಗೆ ನೇರ ದಾರಿಯೇ ವಾಸಿ. ದೊಡ್ಡ ತೋಟಕ್ಕೆ ಮೇಸ್ತ್ರಿ ಬೇಕೇ ಬೇಕೆಂದರೆ ಲೈಸೆನ್ಸ್ ನೋಡಿ, ಮುಂಗಡವನ್ನು ಕಂತಿನಲ್ಲಿ ಕೊಡಿ.