ಬಿಜಿಎಂಐ: ಎರಡು ಹೆಬ್ಬೆರಳೋ, ಮೂರು ಬೆರಳೋ, ನಾಲ್ಕು ಬೆರಳಿನ ಕ್ಲಾನೋ? ಗೈರೊ ಎಲ್ಲಿ ಸೇರುತ್ತದೆ?

ಫೋನಿನ ಶೂಟಿಂಗ್ ಆಟ ಬಿಜಿಎಂಐನಲ್ಲಿ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಒಂದು ಮಟ್ಟ ತಲುಪಿ ಅಲ್ಲೇ ನಿಂತುಬಿಟ್ಟವರಿಗೆಲ್ಲ ಎರಡು ಸಲಹೆ ಬಂದಿರುತ್ತವೆ: "ಕ್ಲಾ ಕಲಿ" ಮತ್ತು "ಗೈರೊ ಆನ್ ಮಾಡು". ಕ್ಲಾ ಅಂದರೆ ತೋರುಬೆರಳನ್ನೂ ಮಡಚಿ ಪರದೆಗೆ ತಂದು ಆಡುವುದು, ಗೈರೊ ಅಂದರೆ ಫೋನನ್ನೇ ಅಲುಗಿಸಿ ಗುರಿ ಸರಿಸುವುದು. ಎರಡರಲ್ಲಿ ಯಾವುದು ಮೊದಲು, ಯಾವುದರಿಂದ ಏನು ಸಿಗುತ್ತದೆ, ಏನು ಕೈಬಿಡುತ್ತದೆ ಎಂದು ಬಿಡಿಸಿ ಹೇಳುವವರು ಕಡಿಮೆ. ಎರಡು ಹೆಬ್ಬೆರಳು, ಮೂರು ಬೆರಳು, ನಾಲ್ಕು ಬೆರಳು, ಈ ಮೂರನ್ನೂ ಗೈರೊ ಇಟ್ಟುಕೊಂಡೂ ಇಲ್ಲದೆಯೂ ಆಡಿ ನೋಡಿ ಬರೆದ ಹೋಲಿಕೆ ಇದು. ಫೋನ್ ಒಂದೇ. ಗನ್ ಎಂ416, ಅದಕ್ಕೆ ಕಾಂಪೆನ್ಸೇಟರ್, ವರ್ಟಿಕಲ್ ಗ್ರಿಪ್, ಎಕ್ಸ್‌ಟೆಂಡೆಡ್ ಮ್ಯಾಗ್ (ಹೆಚ್ಚು ಗುಂಡು ಹಿಡಿಯುವ ಮ್ಯಾಗಜಿನ್), ಟ್ಯಾಕ್ಟಿಕಲ್ ಸ್ಟಾಕ್. ಗನ್ನಿಗೆ ಜೋಡಿಸುವ ಈ ಅಟ್ಯಾಚ್‌ಮೆಂಟ್ ಬದಲಾದರೆ ರಿಕಾಯಿಲ್ (ಗುಂಡು ಹಾರಿಸುವಾಗ ಗನ್ ಮೇಲಕ್ಕೆ ಒದೆಯುವುದು) ಬದಲಾಗುತ್ತದೆ, ಆಮೇಲೆ ವ್ಯತ್ಯಾಸ ಬೆರಳಿನದೋ ಗನ್ನಿನದೋ ಗೊತ್ತಾಗುವುದಿಲ್ಲ.

ತೀರ್ಪು ಮೊದಲೇ ಹೇಳಿಬಿಡೋಣ. ಗೈರೊ ಇರುವ ಮೂರು ಬೆರಳು, ಗೈರೊ ಇಲ್ಲದ ನಾಲ್ಕು ಬೆರಳಿಗಿಂತ ಮೇಲು. ಹತ್ತಿರದ ಫೈಟ್‌ನಲ್ಲಿ ಮಾತ್ರ ನಾಲ್ಕನೆಯ ಬೆರಳು ತನ್ನ ಬೆಲೆ ತೋರಿಸುತ್ತದೆ. ಹೊತ್ತು ಕಡಿಮೆ ಇರುವವರು ನಾಲ್ಕನೆಯ ಬೆರಳಿಗಿಂತ ಮೊದಲು ಗೈರೊ ಕಲಿಯಲಿ. 2023ರ ಮೇ ತಿಂಗಳಲ್ಲಿ ತಡೆ ತೆರವಾಗಿ ಆಟ ಮರಳಿ ಬಂದಾಗ 18 ತುಂಬದವರಿಗೆ ದಿನಕ್ಕೆ 3 ಗಂಟೆಯ ಮಿತಿ ಹಾಕಲಾಯಿತು. ಅಷ್ಟರಲ್ಲೇ ಅಭ್ಯಾಸವೂ ಆಗಬೇಕು, ಮ್ಯಾಚೂ ಆಗಬೇಕು ಅನ್ನುವವರಿಗೆ ಈ ಕ್ರಮ ಇನ್ನೂ ಮುಖ್ಯ.

ಎರಡು ಹೆಬ್ಬೆರಳು

ಎಡ ಹೆಬ್ಬೆರಳು ಜಾಯ್‌ಸ್ಟಿಕ್ ಮೇಲೆ, ಉಳಿದದ್ದೆಲ್ಲ ಬಲ ಹೆಬ್ಬೆರಳಿನ ತಲೆ ಮೇಲೆ: ಕ್ಯಾಮೆರಾ ತಿರುಗಿಸುವುದು, ಸ್ಕೋಪ್, ಫೈರ್, ಜಂಪ್, ಕ್ರೌಚ್ (ಕೂರುವುದು), ರಿಲೋಡ್. "ಹೆಬ್ಬೆರಳಿನಲ್ಲಿ ಫೈರ್ ಮಾಡುವಾಗ ಎಯ್ಮ್ ಸರಿಸಲು ಬರುವುದಿಲ್ಲ" ಅನ್ನುವುದು ಪೂರ್ತಿ ನಿಜವಲ್ಲ. ಬಲಗಡೆಯ ಫೈರ್ ಬಟನ್ ಒತ್ತಿ ಹಿಡಿದು ಹಾಗೇ ಎಳೆದರೆ ಎಯ್ಮ್ ಸರಿಯುತ್ತದೆ. ಕೆಂಪು ಚುಕ್ಕಿಯ ಸೈಟಿನಲ್ಲಿ ಹತ್ತಿರದ ಒಬ್ಬ ಶತ್ರುವಿಗೆ ಇಷ್ಟು ಸಾಕಾಗುತ್ತದೆ.

ತೊಂದರೆ ಶುರುವಾಗುವುದು ಮೂರು ಪಟ್ಟು ಹತ್ತಿರ ತೋರಿಸುವ 3ಎಕ್ಸ್ ಸ್ಕೋಪ್‌ನಿಂದ ಮೇಲೆ. ಫೈರ್ ಬಟನ್ ಮೊದಲೇ ಪರದೆಯ ಕೆಳಭಾಗದಲ್ಲಿರುತ್ತದೆ. ರಿಕಾಯಿಲ್ ಇಳಿಸಲು ಹೆಬ್ಬೆರಳನ್ನು ಕೆಳಗೆ ಎಳೆಯುತ್ತ ಹೋದರೆ ಮ್ಯಾಗ್ ಅರ್ಧ ಖಾಲಿಯಾಗುವ ಹೊತ್ತಿಗೆ ಬೆರಳು ಪರದೆಯ ಅಂಚಿಗೆ ಬಂದಿರುತ್ತದೆ, ಇನ್ನು ಎಳೆಯಲು ಜಾಗ ಇರುವುದಿಲ್ಲ. ಬೆರಳೆತ್ತಿದರೆ ಫೈರ್ ನಿಂತುಹೋಗುತ್ತದೆ. ಬಟನ್ನನ್ನು ಎರಡು ಬೆರಳಗಲ ಮೇಲಕ್ಕೆ ಸರಿಸಿ ಇದನ್ನು ಸ್ವಲ್ಪ ಸರಿಮಾಡಬಹುದು. ಗುಂಡು ಹಾರಿಸುವಾಗ ಎಯ್ಮ್ ಸರಿಯುವ ವೇಗ, ಅಂದರೆ ಎಡಿಎಸ್ ಸೆನ್ಸಿಟಿವಿಟಿ, ಏರಿಸಿದರೂ ಎಳೆಯುವ ದೂರ ಕಡಿಮೆಯಾಗುತ್ತದೆ. ಕ್ಯಾಮೆರಾ ಸೆನ್ಸಿಟಿವಿಟಿ ಮತ್ತು ಎಡಿಎಸ್ ಸೆನ್ಸಿಟಿವಿಟಿ ಒಂದೇ ಎಂದುಕೊಂಡವರು ಬಹಳ. ಗುಂಡು ಹಾರಿಸದೆ ಪರದೆ ಎಳೆದಾಗ ಲೆಕ್ಕಕ್ಕೆ ಬರುವುದು ಮೊದಲನೆಯದು, ಗುಂಡು ಹಾರಿಸುತ್ತ ಎಳೆದಾಗ ಎರಡನೆಯದು. ಸ್ಪ್ರೇ (ಬಿಡದೆ ಒಂದೇ ಸಮನೆ ಗುಂಡು ಹಾರಿಸುವುದು) ಮೇಲಕ್ಕೆ ಹೋಗುತ್ತಿದೆ ಎಂದು ಕ್ಯಾಮೆರಾ ಸೆನ್ಸಿಟಿವಿಟಿ ಏರಿಸಿದರೆ ಏನೂ ಬದಲಾಗುವುದಿಲ್ಲ, ಸುತ್ತ ನೋಡುವುದು ಮಾತ್ರ ಕೈತಪ್ಪುತ್ತದೆ.

ಐದೂವರೆ ಇಂಚಿನಷ್ಟು ಚಿಕ್ಕ ಪರದೆಗೆ, ಬಸ್ಸಿನಲ್ಲಿ ಒಂದೆರಡು ಮ್ಯಾಚ್ ಆಡುವವರಿಗೆ ಇದೇ ಸರಿ. ಇದರ ಮೇಲೆ ಗೈರೊ ಹಾಕಿದರೂ ಆಟ ಕಣ್ಣಿಗೆ ಕಾಣುವಷ್ಟು ಸುಧಾರಿಸುತ್ತದೆ.

ಮೂರು ಬೆರಳು

ಎಡಗಡೆಯ ಫೈರ್ ಬಟನ್ ಮೇಲ್ಮೂಲೆಗೆ ಹೋಗುತ್ತದೆ, ಎಡ ತೋರುಬೆರಳು ಅದನ್ನು ಒತ್ತುತ್ತದೆ. ಬದಲಾವಣೆ ಇಷ್ಟೇ. ಆದರೆ ಬಲ ಹೆಬ್ಬೆರಳು ಫೈರ್‌ನಿಂದ ಬಿಡುಗಡೆಯಾಗಿ, ಶತ್ರುವನ್ನು ಹಿಂಬಾಲಿಸುವುದೊಂದೇ ಅದರ ಕೆಲಸವಾಗುತ್ತದೆ. ಓಡುವ ಶತ್ರುವಿನ ಮೇಲೆ ಸ್ಪ್ರೇ ಮಾಡುವಾಗ ಸಿಗುವ ವ್ಯತ್ಯಾಸ ಮೊದಲ ವಾರದಲ್ಲೇ ಗೊತ್ತಾಗುತ್ತದೆ. ಎಡ ಹೆಬ್ಬೆರಳು ಜಾಯ್‌ಸ್ಟಿಕ್ ಬಿಡಬೇಕಾಗಿಲ್ಲ, ಆದ್ದರಿಂದ ಗುಂಡು ಹಾರಿಸುತ್ತಲೇ ಎಡಬಲ ಆಡುತ್ತಿರಬಹುದು.

ಬಟನ್ ಎಲ್ಲಿಡಬೇಕು ಅನ್ನುವಲ್ಲೇ ಹೆಚ್ಚಿನವರು ಎಡವುತ್ತಾರೆ. ಹೆಸರಾಂತ ಆಟಗಾರರ ಲೇಔಟ್ (ಬಟನ್ ಜೋಡಣೆ) ಕೋಡ್ ಹಾಕಿಕೊಂಡರೆ ಬಟನ್‌ಗಳು ಅವರ ಕೈಗೆ, ಅವರ ಪರದೆಗೆ ಹೊಂದಿ ಕೂರುತ್ತವೆ. ನಿಮ್ಮ ಪರದೆಯ ಉದ್ದಗಲ ಬೇರೆ, ಬೆರಳಿನ ಉದ್ದ ಬೇರೆ. ಇದಕ್ಕಿಂತ ಒಳ್ಳೆಯ ದಾರಿ ಫೋನಿನ ಗಾಜಿನ ಮೇಲೇ ಇದೆ. ಗಾಜನ್ನು ಒಣ ಬಟ್ಟೆಯಿಂದ ಒರೆಸಿ, ಒಂದು ಟಿಡಿಎಂ (ಟೀಮ್ ಡೆತ್‌ಮ್ಯಾಚ್, ಎರಡು ತಂಡಗಳ ಚಿಕ್ಕ ಮ್ಯಾಚ್) ಆಡಿ. 40 ಕಿಲ್ ಮುಟ್ಟುವ ಹೊತ್ತಿಗೆ ಬೆರಳು ಸಾಕಷ್ಟು ಗುರುತು ಬಿಟ್ಟಿರುತ್ತದೆ. ಪರದೆ ಆರಿಸಿ ಫೋನನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಎಡ ಮೇಲ್ಮೂಲೆಯ ಬೆವರಿನ ಮಸುಕು ದುಂಡಗೆ, ಒಂದೇ ಕಡೆ ಇದ್ದರೆ ಬಟನ್ ಸರಿಯಾದ ಜಾಗದಲ್ಲಿದೆ. ಮಸುಕು ಉದ್ದಕ್ಕೆ ಎಳೆದಂತಿದ್ದರೆ ಬೆರಳು ಪ್ರತಿ ಸಲ ಬಟನ್ ಹುಡುಕುತ್ತಿದೆ ಎಂದರ್ಥ. ಮಸುಕು ಎಲ್ಲಿ ದಟ್ಟವಾಗಿದೆಯೋ ಅಲ್ಲಿಗೆ ಬಟನ್ ಸರಿಸಿ, ಗಾತ್ರವನ್ನು 120% ಆಸುಪಾಸು ಇಡಿ. ಬೆರಳು ತಾನಾಗಿ ಬೀಳುವ ಜಾಗಕ್ಕೆ ಬಟನ್ ಬರಬೇಕು. ಬಟನ್ ಇದ್ದಲ್ಲಿಗೆ ಬೆರಳು ಹೋಗುವಂತಿದ್ದರೆ ಒತ್ತಡದ ಫೈಟ್‌ನಲ್ಲಿ ಅದು ತಪ್ಪಿಯೇ ತಪ್ಪುತ್ತದೆ.

ಹಳೆಯ ಲೇಔಟ್ ಅಳಿಸಬೇಡಿ. ಲೇಔಟ್ 1ರಲ್ಲಿ ಅದು ಹಾಗೇ ಇರಲಿ, ಹೊಸದನ್ನು ಲೇಔಟ್ 2ರಲ್ಲಿ ಕಟ್ಟಿ.

ಇನ್ನೊಂದು ಅಡ್ಡಿ ಆಟದ ಹೊರಗಿನದು. ಅನೇಕ ಫೋನ್‌ಗಳಲ್ಲಿ ಮೂರು ಬೆರಳು ಕೆಳಗೆಳೆದರೆ ಸ್ಕ್ರೀನ್‌ಶಾಟ್ ಬೀಳುವ ಸೌಲಭ್ಯ ಮೊದಲೇ ಆನ್ ಆಗಿರುತ್ತದೆ. ಅದು ಆನ್ ಇದ್ದರೆ ಫೈಟ್ ಮಧ್ಯೆ ಸ್ಪರ್ಶಗಳೆಲ್ಲ ಒಮ್ಮೆಲೇ ಕಡಿದುಹೋಗುತ್ತವೆ: ಆಟಗಾರ ನಿಂತಲ್ಲೇ ನಿಲ್ಲುತ್ತಾನೆ, ಫೈರ್ ನಿಲ್ಲುತ್ತದೆ. ಬಹಳ ಜನ ಇದನ್ನು ಲ್ಯಾಗ್ ಎಂದುಕೊಂಡು ನೆಟ್‌ವರ್ಕ್ ಬದಲಿಸುತ್ತಾರೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೆಶ್ಚರ್ ವಿಭಾಗಕ್ಕೆ ಹೋಗಿ ಅದನ್ನು ಆಫ್ ಮಾಡಿ.

ನಾಲ್ಕು ಬೆರಳು

ಬಲ ತೋರುಬೆರಳೂ ಪರದೆಗೆ ಬರುತ್ತದೆ. ಅದಕ್ಕೆ ಸ್ಕೋಪ್ ಕೊಡುವವರು ಹೆಚ್ಚು. ನಮ್ಮ ಅನುಭವದಲ್ಲಿ ಕ್ರೌಚ್ ಮತ್ತು ಜಂಪ್ ಕೊಟ್ಟರೆ ಲಾಭ ಜಾಸ್ತಿ. ಸ್ಕೋಪ್ ಫೈಟ್‌ನ ಶುರುವಿನಲ್ಲಿ ಒಮ್ಮೆ ತೆರೆಯುವಂಥದ್ದು, ಅಷ್ಟಕ್ಕೆ ಹೆಬ್ಬೆರಳು ಸಾಕು. ಕ್ರೌಚ್, ಜಂಪ್ ಬೇಕಾಗುವುದು ಎಯ್ಮ್ ಮಾಡಿ ಗುಂಡು ಹಾರಿಸುತ್ತಿರುವ ಅದೇ ಕ್ಷಣದಲ್ಲಿ. ಮನೆಯೊಳಗೆ, ಮೆಟ್ಟಿಲ ಮೇಲೆ, ಟಿಡಿಎಂ ವೇರ್‌ಹೌಸ್‌ನ ಕಂಟೇನರ್ ಮೂಲೆಯಲ್ಲಿ, ಸ್ಪ್ರೇ ಮಾಡುತ್ತಲೇ ಕೂತರೆ ಎದುರಾಳಿಯ ಗುಂಡು ತಲೆ ಮೇಲಿಂದ ಹಾರಿಹೋಗುತ್ತದೆ. ಮೂರು ಬೆರಳಿನಲ್ಲಿ ಇದಕ್ಕೆ ಎಯ್ಮ್‌ನಿಂದ ಹೆಬ್ಬೆರಳು ತೆಗೆಯಬೇಕು. ನಾಲ್ಕು ಬೆರಳಿನ ನಿಜವಾದ ಗಳಿಕೆ ಇದು.

ಪೀಕ್ ಮಾಡಲಿಕ್ಕೆಂದೇ (ಮರೆಯಿಂದ ಪಕ್ಕಕ್ಕೆ ವಾಲಿ ನೋಡಲು) ನಾಲ್ಕನೆಯ ಬೆರಳು ಬೇಕೆನ್ನುವ ವಾದ ನಮಗೆ ಒಪ್ಪಿಗೆಯಿಲ್ಲ. ಸೆಟ್ಟಿಂಗ್ಸ್‌ನಲ್ಲಿ "ಪೀಕ್ ಆ್ಯಂಡ್ ಓಪನ್ ಸ್ಕೋಪ್" ಆನ್ ಮಾಡಿದರೆ ಪೀಕ್ ಬಟನ್ ಒತ್ತಿದ ಕೂಡಲೇ ಸ್ಕೋಪ್ ತಾನೇ ತೆರೆದುಕೊಳ್ಳುತ್ತದೆ. ಎರಡು ಒತ್ತು ಒಂದಾಯಿತು, ಮೂರು ಬೆರಳಿನವರಿಗೆ ಇಷ್ಟು ಸಾಕು.

ಕಳೆದುಕೊಳ್ಳುವುದೂ ಇದೆ. ಮಿನಿಮ್ಯಾಪ್ ಇರುವುದು ಬಲ ಮೇಲ್ಮೂಲೆಯಲ್ಲಿ. ಬಲ ತೋರುಬೆರಳು ಮಡಚಿ ಕೂತರೆ ಅದರ ಒಂದು ಭಾಗ ಬೆರಳಿನ ಕೆಳಗೆ ಮರೆಯಾಗುತ್ತದೆ. ಹೆಜ್ಜೆ ಸದ್ದಿನ ಗುರುತು, ಗುಂಡಿನ ಗುರುತು ಕಾಣುವುದು ಅಲ್ಲೇ. ಬಟನ್‌ಗಳನ್ನು ಮ್ಯಾಪಿನ ಎಡಕ್ಕೆ, ಪರದೆಯ ಮಧ್ಯದ ಕಡೆಗೆ ಇಡಬೇಕು, ಅಂಚಿಗೆ ಅಲ್ಲ. ಆಗ ಬೆರಳು ಇನ್ನಷ್ಟು ಒಳಗೆ ಚಾಚಬೇಕಾಗುತ್ತದೆ, ಚಿಕ್ಕ ಕೈಯವರಿಗೆ ಇದು ಕಷ್ಟ.

ಫೋನಿನ ಭಾರ ಹೊರುವವರು ಯಾರು ಅನ್ನುವುದೂ ಬದಲಾಗುತ್ತದೆ. ಎರಡೂ ತೋರುಬೆರಳು ಮೇಲೆ ಬಂದಮೇಲೆ ಹಿಂಬದಿಯನ್ನು ನಡುಬೆರಳುಗಳು, ತಳವನ್ನು ಕಿರುಬೆರಳುಗಳು ಹೊರಬೇಕು. ಇನ್ನೂರು ಗ್ರಾಂ ಫೋನಿಗೆ ದಪ್ಪ ಕವರ್ ಹಾಕಿದರೆ ಅರ್ಧ ಗಂಟೆಯಲ್ಲಿ ಕಿರುಬೆರಳು ಸೋಲುತ್ತದೆ. ಆಡುವಾಗ ಕವರ್ ತೆಗೆಯಿರಿ. ಅಂಚು ಎತ್ತರವಿರುವ ಕವರ್ ತೋರುಬೆರಳಿನ ದಾರಿಗೂ ಅಡ್ಡ. 20–25 ನಿಮಿಷಕ್ಕೊಮ್ಮೆ, ಅಂದರೆ ಎರಾಂಗಲ್ ಮ್ಯಾಪಿನ ಒಂದು ಮ್ಯಾಚ್ ಮುಗಿದಮೇಲೆ, ಬೆರಳು ಚಾಚಿ ಮಣಿಕಟ್ಟು ತಿರುಗಿಸಿ. ಬೆರಳು ಜುಮ್ಮೆಂದರೆ, ಮರಗಟ್ಟಿದರೆ ಆ ದಿನಕ್ಕೆ ಆಟ ನಿಲ್ಲಿಸಬೇಕು. ತಡೆದುಕೊಂಡು ಆಡಿದರೆ ಅಭ್ಯಾಸವಾಗುವುದಿಲ್ಲ, ನೋವು ಕೂರುತ್ತದೆ.

ಐದು, ಆರು ಬೆರಳಿನ ಲೇಔಟ್‌ಗಳು ಟ್ಯಾಬ್ಲೆಟ್‌ನವರಿಗೆ ಹೊಂದುತ್ತವೆ. ಫೋನಿನಲ್ಲಿ ಬೆರಳುಗಳೇ ಪರದೆ ಮುಚ್ಚಿಬಿಡುತ್ತವೆ.

ಗೈರೊ

ಗೈರೊ ಅಂದರೆ ಫೋನನ್ನೇ ಅಲುಗಿಸಿ ಎಯ್ಮ್ ಸರಿಸುವುದು. ಬೆರಳೆಷ್ಟಿದ್ದರೂ ರಿಕಾಯಿಲ್ ಇಳಿಸುವುದು, ಶತ್ರುವನ್ನು ಹಿಂಬಾಲಿಸುವುದು ಎರಡನ್ನೂ ಒಂದೇ ಬಲ ಹೆಬ್ಬೆರಳು ಮಾಡಬೇಕಾಗಿತ್ತು. ಗೈರೊ ಬಂದಮೇಲೆ ರಿಕಾಯಿಲ್ ಮಣಿಕಟ್ಟಿನ ಪಾಲು. ಮಣಿಕಟ್ಟಿಗೆ ಪರದೆಯ ಅಂಚು ಅಂತಿಲ್ಲ, 40 ಗುಂಡಿನ ಮ್ಯಾಗ್ ಪೂರ್ತಿ ಖಾಲಿಯಾದರೂ ಜಾಗ ಉಳಿದಿರುತ್ತದೆ. 3ಎಕ್ಸ್, 4ಎಕ್ಸ್‌ನ ಸ್ಪ್ರೇ ನಾಲ್ಕು ಬೆರಳಿನವರಿಗಿಂತ ಗೈರೊದವರದ್ದು ಬಿಗಿಯಾಗಿರಲು ಕಾರಣ ಇದೇ.

ಮೊದಲು ಫೋನಿನಲ್ಲಿ ನಿಜವಾದ ಗೈರೊಸ್ಕೋಪ್ ಸೆನ್ಸರ್ ಇದೆಯೇ ನೋಡಿ. ಕೆಲವು ಕಡಿಮೆ ಬೆಲೆಯ ಫೋನ್‌ಗಳಲ್ಲಿ ಅದಿರುವುದಿಲ್ಲ, ಬೇರೆ ಸೆನ್ಸರ್‌ಗಳಿಂದ ಲೆಕ್ಕ ಹಾಕಿ ತೋರಿಸುವ ವರ್ಚುವಲ್ ಗೈರೊ ಇರುತ್ತದೆ. ಅದರಲ್ಲಿ ಕೈ ಅಲುಗಿ ಒಂದು ಗಳಿಗೆ ಕಳೆದಮೇಲೆ ಎಯ್ಮ್ ಅಲುಗುತ್ತದೆ. ಅಂಥ ಫೋನ್ ಇದ್ದರೆ ಗೈರೊ ಮರೆತು ನಾಲ್ಕು ಬೆರಳಿಗೆ ಹೋಗುವುದೇ ಸರಿ.

ಆಯ್ಕೆ ಎರಡಿವೆ: ಸ್ಕೋಪ್ ತೆರೆದಾಗ ಮಾತ್ರ, ಅಥವಾ ಯಾವಾಗಲೂ. ಮೊದಲನೆಯದರಿಂದ ಶುರುಮಾಡಿ. ಓಡುವಾಗ, ಲೂಟ್ ಮಾಡುವಾಗ ಕ್ಯಾಮೆರಾ ಅಲುಗಾಡುವುದಿಲ್ಲ, ತಲೆ ತಿರುಗುವುದಿಲ್ಲ. ಕೈ ಕೂತಮೇಲೆ ಯಾವಾಗಲೂ ಆನ್ ಮಾಡಿ, ಸ್ಕೋಪ್ ತೆರೆಯದ ಹತ್ತಿರದ ಫೈಟ್‌ಗೆ ಅದು ಬೇಕೇಬೇಕು.

ಗೈರೊ ಸೆನ್ಸಿಟಿವಿಟಿಗೆ ಶುರುವಿನಲ್ಲಿ ಈ ಅಂಕಿಗಳು ಸಾಕು: ಸ್ಕೋಪ್ ಇಲ್ಲದೆ 300%, ರೆಡ್ ಡಾಟ್ ಮತ್ತು ಹೋಲೊ 300%, 2ಎಕ್ಸ್ 280%, 3ಎಕ್ಸ್ 220%, 4ಎಕ್ಸ್ 180%, 6ಎಕ್ಸ್ 110%, 8ಎಕ್ಸ್ 70%. ಇವು ಕೊನೆಯ ಅಂಕಿಗಳಲ್ಲ. ಟ್ರೈನಿಂಗ್ ಗ್ರೌಂಡ್‌ಗೆ ಹೋಗಿ, ಗೋಡೆಯಿಂದ ಸುಮಾರು 50 ಮೀಟರ್ ದೂರ ನಿಂತು, 3ಎಕ್ಸ್ ತೆರೆದು, ಬಲ ಹೆಬ್ಬೆರಳನ್ನು ಪರದೆಯಿಂದ ಪೂರ್ತಿ ಎತ್ತಿ, 40 ಗುಂಡನ್ನೂ ಒಂದೇ ಸಮನೆ ಹಾರಿಸಿ. ಫೋನಿನ ಮೇಲಂಚು ನಿಮ್ಮಿಂದ ದೂರಕ್ಕೆ ಬಾಗಿದರೆ ಎಯ್ಮ್ ಇಳಿಯುತ್ತದೆ, ಅದೊಂದರಿಂದಲೇ ರಿಕಾಯಿಲ್ ಹಿಡಿಯಬೇಕು. ತೂತುಗಳು ಮೇಲಕ್ಕೆ ಏರಿದ್ದರೆ ಸೆನ್ಸಿಟಿವಿಟಿ 10% ಏರಿಸಿ, ನೆಲದ ಕಡೆ ಇಳಿದಿದ್ದರೆ 10% ಇಳಿಸಿ. ಎಡಬಲಕ್ಕೆ ಹಾವಿನ ಹಾಗೆ ಹೊರಳಿದ್ದರೆ ಸೆನ್ಸಿಟಿವಿಟಿ ಜಾಸ್ತಿಯಾಗಿದೆ, ಅಥವಾ ಮೊಣಕೈಗೆ ಆಸರೆ ಇಲ್ಲ. ಮೊದಲು ಮೊಣಕೈಯನ್ನು ತೊಡೆಯ ಮೇಲೋ ಮೇಜಿನ ಮೇಲೋ ಊರಿ ನೋಡಿ, ಆಮೇಲೆ ಅಂಕಿ ಮುಟ್ಟಿ. ಒಂದು ಮ್ಯಾಗ್ ನೋಡಿ ತೀರ್ಮಾನಿಸಬೇಡಿ, ಮೂರು ಮ್ಯಾಗ್ ಒಂದೇ ರೀತಿ ತಪ್ಪಿದರೆ ಮಾತ್ರ ಬದಲಿಸಿ. ಬದಲಿಸಿದ ಮೇಲೆ ಒಂದು ವಾರ ಕೈ ಹಚ್ಚಬೇಡಿ. ದಿನಾ ಸೆನ್ಸಿಟಿವಿಟಿ ತಿದ್ದುವವರ ಕೈಗೆ ಯಾವ ಅಂಕಿಯೂ ಕೂರುವುದಿಲ್ಲ.

ದೊಡ್ಡ ತಿರುವಿಗೆ ಗೈರೊ ಬಳಸಬಾರದು. ಹಿಂದೆ ತಿರುಗುವುದು, ಪಕ್ಕದ ಬಾಗಿಲ ಕಡೆ ಹೊರಳುವುದು ಹೆಬ್ಬೆರಳಿನ ಕೆಲಸ. ಕೊನೆಯ ಗೇಣುದ್ದದ ತಿದ್ದುಪಡಿ ಮತ್ತು ರಿಕಾಯಿಲ್ ಮಣಿಕಟ್ಟಿನದು.

ಗೈರೊಗೆ ಮೂರು ಶತ್ರುಗಳಿದ್ದಾರೆ. ಚಾರ್ಜರ್ ವೈರ್ ಮೊದಲನೆಯದು: ಪ್ರತಿ ಸಲ ಫೋನ್ ಬಾಗಿಸಿದಾಗ ವೈರ್ ಹಿಂದಕ್ಕೆಳೆಯುತ್ತದೆ, ಫೋನ್ ಬಿಸಿಯೂ ಆಗುತ್ತದೆ. ಬಿಸಿ ಎರಡನೆಯದು. 60 ಫ್ರೇಮ್ ಇದ್ದದ್ದು 40ಕ್ಕೆ ಬಿದ್ದರೆ ಅದೇ ಸೆನ್ಸಿಟಿವಿಟಿ ಭಾರವಾದಂತೆ ಅನ್ನಿಸುತ್ತದೆ, ಅದಕ್ಕೇ ಗ್ರಾಫಿಕ್ಸ್ ಸ್ಮೂತ್‌ನಲ್ಲಿಟ್ಟು ಫ್ರೇಮ್ ರೇಟ್ ಸ್ಥಿರವಾಗಿರುವಂತೆ ನೋಡಿಕೊಳ್ಳಬೇಕು. ಮೂರನೆಯದು ಪ್ರಯಾಣ. ಬಸ್ ತಿರುವು ತೆಗೆದುಕೊಂಡರೆ ಸೆನ್ಸರ್ ಅದನ್ನೂ ನಿಮ್ಮ ಕೈಯ ಚಲನೆ ಎಂದೇ ಎಣಿಸುತ್ತದೆ. ಆಗುಂಬೆ ಘಾಟಿಯಲ್ಲಿ ಗೈರೊ ಇಟ್ಟುಕೊಂಡು ಯಾವ ಫೈಟೂ ಗೆಲ್ಲಲಾಗದು. ಲೇಔಟ್ 1ಕ್ಕೆ ಬದಲಿಸಿ, ಗೈರೊವನ್ನೂ ಆಫ್ ಮಾಡಿಟ್ಟುಕೊಳ್ಳಿ.

ಯಾರಿಗೆ ಯಾವುದು, ಯಾವ ಕ್ರಮದಲ್ಲಿ

ಬೆರಳು ಮತ್ತು ಗೈರೊ ಎರಡನ್ನೂ ಒಂದೇ ವಾರ ಬದಲಿಸಿದರೆ ಗುಂಡು ತಪ್ಪಿದ್ದು ಯಾವುದರಿಂದ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಈಗ ಹೆಬ್ಬೆರಳಿನಲ್ಲಿ ಆಡುವವರು ಮೊದಲು ಎಡ ತೋರುಬೆರಳನ್ನು ಮಾತ್ರ ಸೇರಿಸಲಿ. ಬಲಗಡೆಯ ಫೈರ್ ಬಟನ್ ಅಳಿಸದಿದ್ದರೂ ಕೈಗೆ ಸಿಗದ ಜಾಗಕ್ಕೆ ತಳ್ಳಬೇಕು, ಇಲ್ಲವಾದರೆ ಗಾಬರಿಯಲ್ಲಿ ಹೆಬ್ಬೆರಳು ಹಳೆಯ ಜಾಗಕ್ಕೇ ಓಡುತ್ತದೆ. ನೋಡದೆ ಒತ್ತುವುದು ಬಂದಮೇಲೆ ಸ್ಕೋಪ್ ಗೈರೊ, ಅದು ಕೂತಮೇಲೆ ಪೂರ್ತಿ ಗೈರೊ. ಈ ಹೊತ್ತಿನಲ್ಲಿ ರ‍್ಯಾಂಕ್ ಮ್ಯಾಚ್ ಆಡಿದರೆ ಪಾಯಿಂಟ್ ಇಳಿಯುತ್ತದೆ, ಟಿಡಿಎಂ ಮತ್ತು ಕ್ಲಾಸಿಕ್ ಅನ್‌ರ‍್ಯಾಂಕ್‌ನಲ್ಲೇ ಕಳೆಯಿರಿ.

ಸ್ಕ್ವಾಡ್‌ನಲ್ಲಿ ದೂರದಿಂದ ಸ್ಪ್ರೇ ಮಾಡುವ, ಬೆಂಬಲಕ್ಕೆ ನಿಲ್ಲುವ ಪಾತ್ರ ನಿಮ್ಮದಾದರೆ ಮೂರು ಬೆರಳು, ಗೈರೊ ಸಾಕು, ಮುಂದೆ ಹೋಗುವ ಅಗತ್ಯವಿಲ್ಲ. ಮೊದಲು ಮನೆಯೊಳಗೆ ನುಗ್ಗುವವರು ನೀವಾದರೆ ನಾಲ್ಕನೆಯ ಬೆರಳು ಸೇರಿಸಿ. ಆ ಬೆರಳಿಗೂ ಶುರುವಿನಲ್ಲಿ ಒಂದೇ ಬಟನ್ ಕೊಡಿ, ಕ್ರೌಚ್. ಸ್ಪ್ರೇ ಮಧ್ಯೆ ಕೂರುವುದು ಯೋಚನೆಯಿಲ್ಲದೆ ಬರತೊಡಗಿದ ಮೇಲೆ ಜಂಪ್ ಅನ್ನು ಅದರ ಪಕ್ಕಕ್ಕೆ ತನ್ನಿ. ಎರಡರ ನಡುವೆ ಒಂದು ಬೆರಳಗಲ ಬಿಡಬೇಕು, ಇಲ್ಲದಿದ್ದರೆ ಕೂರಬೇಕಾದಲ್ಲಿ ಹಾರಿ, ಗುಂಡು ತಿಂದು ನಾಕ್ ಆಗುತ್ತೀರಿ (ನೆಲಕ್ಕೆ ಬೀಳುತ್ತೀರಿ).