ರೊಟ್ಟಿ ಬಡಿಯುವ ಮನೆಗೆ ಯಾವ ಅಡುಗೆ ಕಟ್ಟೆ? ಕಡಪಾ, ಗ್ರಾನೈಟ್, ಕ್ವಾರ್ಟ್ಜ್, ಪ್ಲೈವುಡ್, ಡಬ್ಲ್ಯೂಪಿಸಿ: ಬಳಸಿ ನೋಡಿದ ಹೋಲಿಕೆ

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಹಳೆ ಅಡುಗೆಮನೆ ಒಡೆದು ಹೊಸದು ಮಾಡಿಸಲು ಹೊರಟವರ ಮೊಬೈಲಿನಲ್ಲಿ ಸಾಮಾನ್ಯವಾಗಿ ಒಂದು ಚಿತ್ರ ಇರುತ್ತದೆ: ಬಿಳಿ ಕಟ್ಟೆ, ಹಿಡಿಕೆ ಕಾಣದ ಬಾಗಿಲು, ಗಾಜಿನ ಹಾಬ್ (ಕಲ್ಲು ಕೊಯ್ದು ಅದರಲ್ಲಿ ಕೂರಿಸುವ ಗ್ಯಾಸ್ ಒಲೆ). ಆ ಅಡುಗೆಮನೆಯಲ್ಲಿ ಯಾರೂ ಜೋಳದ ರೊಟ್ಟಿ ಬಡಿಯುವುದಿಲ್ಲ. ನಮ್ಮಲ್ಲಿ ದಿನಾ ಬೆಳಗ್ಗೆ ಬಡಿಯುತ್ತಾರೆ, ಆ ಪೆಟ್ಟು ಕಲ್ಲಿನಿಂದ ಕೆಳಗಿನ ಪೆಟ್ಟಿಗೆಗೆ, ಅಲ್ಲಿಂದ ಗೋಡೆಯ ಸಂದಿಗೆ ಇಳಿಯುತ್ತದೆ. ಜೊತೆಗೆ ಬೋರಿನ ಸವಳು ನೀರು, ಎರೆ ನೆಲದ ಗೆದ್ದಲು, 40 ಡಿಗ್ರಿ ದಾಟುವ ಬೇಸಿಗೆ. ಈ ನಾಲ್ಕನ್ನು ತಡೆದುಕೊಳ್ಳುವ ಸಾಮಾನು ಯಾವುದು, ತಡೆಯದ್ದು ಎಲ್ಲಿ ಮೊದಲು ಕೈಕೊಡುತ್ತದೆ ಎಂಬುದನ್ನೇ ಇಲ್ಲಿ ಹೋಲಿಸಿದ್ದೇವೆ.

ಮೇಲಿನ ಕಲ್ಲು

ಕಡಪಾ ಕಲ್ಲು ಅಗ್ಗ, ಎಲ್ಲಾ ಊರಲ್ಲೂ ಸಿಗುತ್ತದೆ, ಗೌಂಡಿಗಳಿಗೆ ಕೈಗೆ ಬಂದ ಕೆಲಸ. ಆದರೆ ಅದು ಸುಣ್ಣದ ಕಲ್ಲಿನ ಜಾತಿ, ಶಹಾಬಾದ್ ಪರಸಿಯ ಹಾಗೆಯೇ. ನಿಂಬೆ ರಸ, ಹುಣಸೆ ನೀರು, ಹುಳಿ ಮಜ್ಜಿಗೆ ಬಿದ್ದು ಹಾಗೇ ಉಳಿದರೆ ಆಮ್ಲ ಕಲ್ಲನ್ನು ತಿನ್ನುತ್ತದೆ. ಹೊಳಪು ಹೋಗಿ ಬೂದು ಮಚ್ಚೆ ನಿಲ್ಲುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಕಟ್ಟೆಯ ಮೇಲ್ಭಾಗಕ್ಕೆ ಕಡಪಾ ಬೇಡ. ಅದರ ಜಾಗ ಕೆಳಗೆ, ಆಧಾರದ ಗೋಡೆಯಾಗಿ. ಅಲ್ಲಿ ಅದನ್ನು ಮೀರಿಸುವ ಸಾಮಾನು ನಮಗೆ ಇನ್ನೂ ಸಿಕ್ಕಿಲ್ಲ.

ಕರಿ ಗ್ರಾನೈಟು ಬಿಸಿಗೆ, ಹುಳಿಗೆ, ಪೆಟ್ಟಿಗೆ ಮೂರಕ್ಕೂ ನಿಲ್ಲುತ್ತದೆ. ಒಲೆಯಿಂದ ಇಳಿಸಿದ ರೊಟ್ಟಿ ಹಂಚನ್ನು ನೇರ ಅದರ ಮೇಲಿಟ್ಟರೂ ಏನೂ ಆಗುವುದಿಲ್ಲ. ಮೋಸ ಇರುವುದು ಬಣ್ಣದಲ್ಲಿ. ಬೂದು ಕಲ್ಲಿಗೆ ಕರಿ ಬಣ್ಣ ಕುಡಿಸಿ ಮಾರುವುದುಂಟು. ಉಗುರು ಬಣ್ಣ ತೆಗೆಯುವ ಅಸಿಟೋನಿನಲ್ಲಿ ಬಿಳಿ ಬಟ್ಟೆ ಅದ್ದಿ ಕಲ್ಲಿನ ಮೂಲೆಯಲ್ಲಿ ಜೋರಾಗಿ ತಿಕ್ಕಿ. ಬಟ್ಟೆ ಕಪ್ಪಾದರೆ ಆ ಕಲ್ಲು ಬಿಡಿ. ಇನ್ನೊಂದು ಪರೀಕ್ಷೆ ನೀರಿನದು. ಕಲ್ಲಿನ ಮೇಲೆ ಒಂದು ಚಮಚ ನೀರು ಹಾಕಿ ಕಾಲು ಗಂಟೆ ಬಿಟ್ಟು ಒರೆಸಿ. ಕೆಳಗೆ ಗಾಢ ಮಚ್ಚೆ ಕಂಡರೆ ಕಲ್ಲು ನೀರು ಕುಡಿಯುತ್ತದೆ. ನೀರು ಕುಡಿಯುವುದು ಎಣ್ಣೆ, ಅರಿಶಿನವನ್ನೂ ಕುಡಿಯುತ್ತದೆ. ಇವೆರಡನ್ನೂ ಅಂಗಡಿಯಲ್ಲೇ, ಕಲ್ಲು ಕೊಯ್ಯುವ ಮೊದಲು ಮಾಡಬೇಕು. ಅಳತೆಯ ಟೇಪನ್ನೂ ಒಯ್ಯಿರಿ, ಹೇಳಿದ ದಪ್ಪವೇ ಇದೆಯೋ ನೋಡಲು. ಕಟ್ಟೆಗೆ 18 ಮಿ.ಮೀ. ಗಿಂತ ತೆಳುವಾದ ಕಲ್ಲು ತರಬೇಡಿ.

ಇಳಕಲ್ ಮತ್ತು ಕುಷ್ಟಗಿ ಸುತ್ತಿನ ಕೆಂಪು ಗ್ರಾನೈಟು ಹತ್ತಿರದಲ್ಲೇ ಸಿಗುವ ಗಟ್ಟಿ ಕಲ್ಲು. ಬಾಳಿಕೆಯಲ್ಲಿ ಕರಿ ಕಲ್ಲಿಗೆ ಸರಿಸಮ, ಸವಳು ನೀರಿನ ಬಿಳಿ ಕಲೆ ಕರಿ ಕಲ್ಲಿನ ಮೇಲೆ ಎದ್ದು ಕಾಣುವಷ್ಟು ಇದರ ಮೇಲೆ ಕಾಣುವುದಿಲ್ಲ. ಬೋರಿನ ನೀರೇ ಗತಿಯಾದ ಮನೆಗೆ ನಾವು ಇದನ್ನೇ ಹೇಳುತ್ತೇವೆ. ಬಣ್ಣ ಹಳೆಯ ಕಾಲದ್ದು ಅನ್ನಿಸಿದರೆ ಬಾಗಿಲುಗಳಿಗೆ ತಿಳಿ ಬೂದು ಅಥವಾ ಕೆನೆ ಬಣ್ಣ ಹಾಕಿ, ಹೊಂದಿಕೊಳ್ಳುತ್ತದೆ.

ಕ್ವಾರ್ಟ್ಜ್ ನೋಡಲು ಚೆಂದ, ಒಂದೇ ಸಮ ಬಣ್ಣ, ರಂಧ್ರ ಇಲ್ಲದ್ದರಿಂದ ಸಾರಿನ ಕಲೆ ಬೇಗ ಒರೆಸಿದರೆ ಹೋಗುತ್ತದೆ. ಅದರಲ್ಲಿ ನೂರಕ್ಕೆ ತೊಂಬತ್ತರಷ್ಟು ಕಲ್ಲಿನ ಪುಡಿ, ಉಳಿದದ್ದು ರಾಳ. ತೊಂದರೆಯೆಲ್ಲ ಆ ರಾಳದ್ದು. ಸುಮಾರು 150 ಡಿಗ್ರಿ ದಾಟಿದ ಪಾತ್ರೆ ತಗುಲಿದರೆ ಅದು ಸುಟ್ಟು ಹಳದಿಯಾಗುತ್ತದೆ, ಇಲ್ಲವೇ ಒಂದೇ ಕಡೆ ಕಾದು ಕಲ್ಲು ಸೀಳುತ್ತದೆ. ರೊಟ್ಟಿ ಹಂಚು 200 ಡಿಗ್ರಿ ಮೀರಿ ಕಾದಿರುತ್ತದೆ. ಕೆಳಗೆ ದಪ್ಪ ಬಟ್ಟೆ ಹಾಕಿದರಾಯಿತು ಎನ್ನುತ್ತಾರೆ, ಆದರೆ ಹಬ್ಬದ ದಿನ ಎರಡು ಒಲೆಯ ಮೇಲೂ ಹಂಚಿಟ್ಟು ನಾಲ್ಕು ಜನ ಕೆಲಸ ಮಾಡುವಾಗ ಆ ಬಟ್ಟೆಯ ನೆನಪು ಎಲ್ಲರಿಗೂ ಇರುವುದಿಲ್ಲ. ಕಿಟಕಿಯಿಂದ ನೇರ ಬಿಸಿಲು ಬೀಳುವಲ್ಲಿ ಬಿಳಿ ಕ್ವಾರ್ಟ್ಜ್ ಕಾಲಕ್ರಮೇಣ ಹಳದಿ ತಿರುಗುತ್ತದೆ, ಅದಕ್ಕೂ ಕಾರಣ ರಾಳವೇ. ಆಸೆಯಿದ್ದರೆ ಒಲೆಯಿಂದ ದೂರದ ತಿಂಡಿ ಕಟ್ಟೆಗೆ ಹಾಕಿಸಿ. ನ್ಯಾನೊ ವೈಟ್ ಹೆಸರಿನಲ್ಲಿ ಬರುವ ಅಚ್ಚ ಬಿಳಿ ಹಲಗೆ ಗಾಜಿನ ಜಾತಿಯದು, ಅಂಚು ಬೇಗ ಚಕ್ಕೆ ಏಳುತ್ತದೆ, ಬಿಸಿಗೆ ಬಿರಿಯುತ್ತದೆ. ರೊಟ್ಟಿ ಮನೆಗೆ ಅದನ್ನು ಪೂರ್ತಿ ಬಿಡಬಹುದು.

ಹೊಳಪಿನ ಬದಲು ಚರ್ಮದಂತೆ ಒರಟಾದ ಲೆದರ್ ಫಿನಿಶ್ ಈಗ ಎಲ್ಲೆಡೆ ಕೇಳುತ್ತಾರೆ. ಬೆರಳಚ್ಚು ಕಾಣುವುದಿಲ್ಲ ನಿಜ. ಜೋಳದ ಹಿಟ್ಟು ಮಾತ್ರ ಆ ತಗ್ಗುಗಳಲ್ಲಿ ಕೂತು ನೀರು ತಾಗಿದೊಡನೆ ಅಂಟಾಗಿ ಒಣಗುತ್ತದೆ. ನಾದುವ, ಬಡಿಯುವ ಜಾಗಕ್ಕೆ ಕನ್ನಡಿ ಹೊಳಪೇ ಸರಿ.

ಎತ್ತರ ಮತ್ತು ರೊಟ್ಟಿ ಜಾಗ

ಎಲ್ಲರೂ ಕಟ್ಟುವ 34 ಇಂಚಿನ ಕಟ್ಟೆ ತರಕಾರಿ ಹೆಚ್ಚಲು ಸರಿ, ರೊಟ್ಟಿ ಬಡಿಯಲು ಎತ್ತರ. ಐದಡಿ ಒಂದಿಂಚು ಎತ್ತರದ ಹೆಣ್ಣುಮಗಳ ಮೊಣಕೈ ನೆಲದಿಂದ ಸುಮಾರು 38 ಇಂಚಿಗೆ ಬರುತ್ತದೆ. ಹೆಚ್ಚುವ ಕೆಲಸಕ್ಕೆ ಮೊಣಕೈಗಿಂತ 4 ಇಂಚು ಕೆಳಗೆ ಕಲ್ಲು ಬೇಕು. ಬಡಿಯಲು ಮೈಭಾರ ಕೈಗೆ ಬರಬೇಕಾದ್ದರಿಂದ 8 ಇಂಚು ಕೆಳಗೆ, ಅಂದರೆ 30 ಇಂಚು. ಎತ್ತರದ ಕಟ್ಟೆಯಲ್ಲಿ ಬಡಿದರೆ ಭಾರವೆಲ್ಲ ಭುಜದ ಮೇಲೆ ಬೀಳುತ್ತದೆ. ಹಾಗಾಗಿ ಕಟ್ಟೆಯ ಒಂದು ತುದಿಯಲ್ಲಿ ಮೂರಡಿ ಉದ್ದ 30 ಇಂಚಿಗೆ ಇಳಿಸಿ ಕಟ್ಟಿಸಿ. ಮನೆಯಲ್ಲಿ ರೊಟ್ಟಿ ಮಾಡುವವರನ್ನೇ ನಿಲ್ಲಿಸಿ ಮೊಣಕೈ ಅಳೆದು ಗೋಡೆಗೆ ಗೆರೆ ಹಾಕಿಸಬೇಕು. ಈ ಅಳತೆಯನ್ನು ಗೌಂಡಿಯ ಅಂದಾಜಿಗೆ ಬಿಡಬಾರದು.

ಒಲೆಯ ಕೆಳಗೂ ಹಾಗೆಯೇ ನಾಲ್ಕು ಇಂಚು ಇಳಿಸಿದರೆ ಹಂಚಿನ ಮೇಲೆ ನೀರು ಸವರಿ ರೊಟ್ಟಿ ತಿರುವಲು ಕೈ ಎತ್ತಬೇಕಿಲ್ಲ. ಗಾಜಿನ ಹಾಬ್ ಮತ್ತು ಸಾದಾ ಸ್ಟೀಲ್ ಒಲೆ ಎರಡರಲ್ಲಿ ಇಲ್ಲಿ ಗೆಲ್ಲುವುದು ಸಾದಾ ಒಲೆ. ಅಗಲ ಹಂಚು ಹಾಬಿನ ಬರ್ನರನ್ನು ಮುಚ್ಚಿ ಶಾಖವನ್ನು ಕೆಳಗೆ ಗಾಜಿಗೇ ತಿರುಗಿಸುತ್ತದೆ. ಗಟ್ಟಿ ಮಾಡಿದ ಗಾಜೂ ಅತಿಯಾಗಿ ಕಾದಾಗ ಒಡೆಯುತ್ತದೆ. ಹಾಬಿಗಾಗಿ ಕಲ್ಲು ಕೊಯ್ದಲ್ಲಿ ಮುಂದೆ ಉಳಿಯುವ ಪಟ್ಟಿ ಮೂರು ಇಂಚಿಗಿಂತ ಕಡಿಮೆಯಾದರೆ ಸೀಳು ಅಲ್ಲಿಂದಲೇ ಶುರು. ಹಾಬೇ ಬೇಕೆಂದರೆ ಮೂಲೆಗಳಲ್ಲಿ ಮೊದಲು ಡ್ರಿಲ್ ತೂತು ಹಾಕಿ ದುಂಡಗೆ ಕೊಯ್ಯಿಸಿ, ಚೂಪು ಮೂಲೆಯೇ ಬಿರುಕಿನ ಬಾಯಿ. ಆ ತೂತಿನಿಂದ ಒಂದೂವರೆ ಅಡಿ ಒಳಗೆ ರೊಟ್ಟಿ ಬಡಿಯುವುದು ಬೇಡ.

ಕಟ್ಟೆಯ ಕೆಳಗೆ

ಹಣ ಹೋಗುವುದು ಇಲ್ಲಿ, ಹಾಳಾಗುವುದೂ ಇಲ್ಲೇ. ಎರಡಡಿ ಅಗಲ, ಹತ್ತಡಿ ಉದ್ದದ 20 ಮಿ.ಮೀ. ಗ್ರಾನೈಟು ಸುಮಾರು 100 ಕೆಜಿ ತೂಗುತ್ತದೆ. ಅದರ ಮೇಲೆ ರುಬ್ಬುವ ಯಂತ್ರ, ನೀರಿನ ಕೊಡ, ರೊಟ್ಟಿಯ ಪೆಟ್ಟು.

ಪ್ಲೈವುಡ್ ಪೆಟ್ಟಿಗೆಯ ಮೇಲೆ ನೇರ ಕಲ್ಲು ಕೂರಿಸುವ ಪದ್ಧತಿಯಲ್ಲಿ ಕೆಲಸ ಬೇಗ ಮುಗಿಯುತ್ತದೆ, ಡ್ರಾಯರ್‌ಗಳು ಅಂದವಾಗಿ ಓಡುತ್ತವೆ. ರೊಟ್ಟಿ ಬಡಿಯುವ ಮನೆಯಲ್ಲಿ ಆಗುವುದು ಇಷ್ಟು. ಪೆಟ್ಟಿಗೆ ಅದುರಿ, ಕಲ್ಲಿಗೂ ಗೋಡೆಗೂ ನಡುವೆ ತುಂಬಿದ ಸಿಲಿಕಾನ್ ಕೂದಲೆಳೆಯಷ್ಟು ಬಿಡುತ್ತದೆ. ಸಿಂಕಿನ ನೀರು ಆ ಸಂದಿಯಿಂದ ಹಿಂದಕ್ಕೆ ಇಳಿಯುತ್ತದೆ. ಪೆಟ್ಟಿಗೆಯ ಬೆನ್ನಿಗೆ ಹಾಕಿದ್ದು 6 ಮಿ.ಮೀ. ತೆಳು ಹಲಗೆ, ಅದು ಉಬ್ಬುತ್ತದೆ, ಲ್ಯಾಮಿನೇಟ್ ಏಳುತ್ತದೆ, ವಾಸನೆ ಬರುವ ತನಕ ಯಾರಿಗೂ ಕಾಣುವುದಿಲ್ಲ. ಪ್ಲೈವುಡ್ಡೇ ಹಾಕುವುದಾದರೆ ಭಾರತೀಯ ಮಾನಕದ ಐಎಸ್ 710 ಗುರುತು ಹಲಗೆಯ ಮೇಲೆ ಅಚ್ಚಾಗಿರಬೇಕು. ಅದನ್ನು ಫಿನಾಲ್ ರಾಳದಿಂದ ಅಂಟಿಸಿರುತ್ತಾರೆ, 72 ತಾಸು ಕುದಿಸಿದರೂ ಪದರ ಬಿಡಬಾರದು ಎಂಬುದು ಅದರ ನಿಯಮ. ಐಎಸ್ 303ರ ಎಂಆರ್ (ತೇವ ತಡೆಯುವ) ದರ್ಜೆ ಬೆಡ್‌ರೂಮಿನ ಕಪಾಟಿಗೆ ಸಾಕು, ಅಡುಗೆಮನೆಗೆ ಸಾಲದು. ಪೆಟ್ಟಿಗೆ 18 ಮಿ.ಮೀ. ಇರಲಿ, ಬೆನ್ನಿಗೂ ಕನಿಷ್ಠ 9 ಮಿ.ಮೀ. ಹಾಕಿಸಿ, ಕೊಯ್ದ ಪ್ರತಿ ಅಂಚಿಗೂ ಪಟ್ಟಿ ಅಂಟಿಸಿರಬೇಕು, ಕಣ್ಣಿಗೆ ಬೀಳದ ಹಿಂದಿನ ಅಂಚಿಗೂ. ನೀರು ಒಳಹೋಗುವುದು ಆ ಬರಿ ಅಂಚಿನಿಂದಲೇ.

ನಮ್ಮಲ್ಲಿ ಅಡುಗೆಮನೆಯನ್ನು ನೀರು ಸುರಿದು ತೊಳೆಯುತ್ತಾರೆ. ಆದ್ದರಿಂದ ಮರದ ಪೆಟ್ಟಿಗೆ ನೆಲಕ್ಕೆ ತಾಗಲೇಬಾರದು. ನಾಲ್ಕು ಇಂಚಿನ ಪಿವಿಸಿ ಕಾಲು, ಮುಂದೆ ಕಿತ್ತು ತೆಗೆಯಬಹುದಾದ ಪಟ್ಟಿ ಹಾಕಿಸಿದರೆ ತೊಳೆದ ಮೇಲೆ ಒಣಗುತ್ತದೆ, ಗೆದ್ದಲಿನ ಮಣ್ಣು ಹತ್ತಿದ್ದೂ ಕಾಣುತ್ತದೆ. ಎರೆ ನೆಲದ ಹಳೆ ಮನೆಯಲ್ಲಿ ಹೊಸ ಪೆಟ್ಟಿಗೆ ಕೂರಿಸುವ ಮೊದಲೇ ಗೋಡೆ-ನೆಲ ಕೂಡುವ ಅಂಚಿನುದ್ದಕ್ಕೂ ಅಡಿಗೊಂದು ತೂತು ಕೊರೆದು ಗೆದ್ದಲಿನ ಔಷಧಿ ಇಳಿಸಿ, ಸಿಮೆಂಟಿನಿಂದ ಮುಚ್ಚಿಸಬೇಕು. ಪೆಟ್ಟಿಗೆ ಬಂದ ಮೇಲೆ ಆ ಜಾಗಕ್ಕೆ ಡ್ರಿಲ್ ಹೋಗುವುದೇ ಇಲ್ಲ.

ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ್ದು), ಪಿವಿಸಿ ಹಲಗೆಗಳಿಗೆ ಗೆದ್ದಲು ಹತ್ತುವುದಿಲ್ಲ, ನೀರಿಗೆ ಉಬ್ಬುವುದಿಲ್ಲ. ಸಿಂಕಿನ ಕೆಳಗೆ ಇವು ಒಳ್ಳೆಯವೇ. ಕೈಕೊಡುವುದು ಎರಡು ಕಡೆ. ಒಂದು, ಸ್ಕ್ರೂ ಹಿಡಿತ: ಕೀಲು ಸಡಿಲಾಗಿ ಅದೇ ತೂತಿಗೆ ಮತ್ತೆ ಸ್ಕ್ರೂ ತಿರುವಿದರೆ ಕಚ್ಚುವುದಿಲ್ಲ, ಸಾಂದ್ರತೆ ಕಡಿಮೆಯಾದಷ್ಟೂ ಇದು ಹೆಚ್ಚು. ಎರಡು, ಶಾಖ ಮತ್ತು ಭಾರ: ಎರಡಡಿಗಿಂತ ಉದ್ದದ ಫಳಿಯ ಮೇಲೆ ಅಕ್ಕಿ ಡಬ್ಬಿ ಇಟ್ಟರೆ ನಡುವೆ ಬಾಗುತ್ತದೆ, ಬೇಸಿಗೆಯಲ್ಲಿ ಇನ್ನೂ ಬೇಗ. ಒಲೆಯ ಪಕ್ಕ ಬೇಡ. ಎಚ್‌ಡಿಎಚ್‌ಎಂಆರ್ (ಮರದ ನಾರು ಒತ್ತಿ ಮಾಡಿದ, ತೇವ ತಡೆಯುವ ದಟ್ಟ ಹಲಗೆ) ಇದಕ್ಕಿಂತ ಗಟ್ಟಿ, ಸ್ಕ್ರೂ ಚೆನ್ನಾಗಿ ಹಿಡಿಯುತ್ತದೆ. ಒಣ ಜಾಗದ ಬಾಗಿಲಿಗೆ ಸರಿ, ನೀರು ನಿಲ್ಲುವ ಜಾಗಕ್ಕೆ ಅಲ್ಲ.

ಅಲ್ಯೂಮಿನಿಯಂ ಚೌಕಟ್ಟಿಗೆ ಎಸಿಪಿ ಹಾಳೆ (ಎರಡು ತೆಳು ಅಲ್ಯೂಮಿನಿಯಂ ಪದರದ ನಡುವೆ ಪ್ಲಾಸ್ಟಿಕ್) ಹಾಕಿದ ಕೆಲಸ ಇತ್ತೀಚೆಗೆ ಗಂಗಾವತಿ, ಸಿಂಧನೂರು ಕಡೆಯೂ ಸಾಕಷ್ಟು ಆಗುತ್ತಿದೆ. ಗೆದ್ದಲಿನ ಭಯವಿಲ್ಲ, ಬೆಲೆಯೂ ಕೈಗೆಟಕುತ್ತದೆ. ಪೆಟ್ಟು ಬಿದ್ದರೆ ಹಾಳೆ ತಗ್ಗಾಗುತ್ತದೆ, ಪೊಳ್ಳು ಕೊಳವೆಯ ತುದಿ ಮುಚ್ಚದಿದ್ದರೆ ಜಿರಳೆ ಅದರೊಳಗೇ ಸಂಸಾರ ಹೂಡುತ್ತದೆ. ಉಪ್ಪಿನ ಡಬ್ಬಿ ಸೋರಿದ ಕಡೆ ಲೋಹ ಚುಕ್ಕಿ ಚುಕ್ಕಿಯಾಗಿ ತಿನ್ನಿಸಿಕೊಳ್ಳುತ್ತದೆ. ಕಲ್ಲಿನ ಭಾರವನ್ನು ಇದರ ಮೇಲೆ ಹೊರಿಸಬಾರದು, ಬಾಗಿಲಿಗೆ ಮಾತ್ರ.

ಕಡಪಾ ಗೋಡೆ ಹಳೆಯ ಪದ್ಧತಿ ಎಂದು ಬಿಟ್ಟವರು ಮತ್ತೆ ಯೋಚಿಸಬೇಕು. ನಿಲ್ಲಿಸಿದ ಕಡಪಾ ಎರಡಡಿಗೊಂದು ಇದ್ದು, ಗೋಡೆಯೊಳಗೆ ಒಂದೂವರೆ ಇಂಚು ಕೂತಿದ್ದರೆ ರೊಟ್ಟಿಯ ಪೆಟ್ಟು ನೇರ ನೆಲಕ್ಕೆ ಹೋಗುತ್ತದೆ, ಗೋಡೆಯ ಸಂದಿ ಬಿಡುವುದಿಲ್ಲ. ಅದರ ದೋಷ ಡ್ರಾಯರ್‌ನಲ್ಲಿ. ಡ್ರಾಯರ್ ಜಾರುವ ಲೋಹದ ಹಳಿಗೆ, ಅಂದರೆ ಟೆಲಿಸ್ಕೋಪಿಕ್ ಚಾನೆಲ್ಲಿಗೆ, ಪ್ರತಿ ಬದಿ ಅರ್ಧ ಇಂಚು ಬೇಕು. 17 ಇಂಚಿನ ಬುಟ್ಟಿಗೆ ಒಳಗಡೆ ಸರಿಯಾಗಿ 18 ಇಂಚು. ಕಲ್ಲು ಮೇಲೊಂದು ಅಳತೆ ಕೆಳಗೊಂದು ಅಳತೆ ನಿಂತಿದ್ದರೆ ಬುಟ್ಟಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮೊದಲು ಬುಟ್ಟಿ ಕೊಂಡು ತನ್ನಿ. ಚಾನೆಲ್ ಕೂರಿಸಲು ಕಲ್ಲಿಗೆ 12 ಮಿ.ಮೀ. ಪ್ಲೈ ಪಟ್ಟಿ ಬಿಗಿಯಬೇಕು, ಅಂದರೆ ಎರಡು ಬದಿಗೆ ಇನ್ನೊಂದು ಇಂಚು. ಕಲ್ಲುಗಳ ನಡುವೆ 19 ಇಂಚು ಬಿಡಿಸಿ. ಸಿಮೆಂಟ್ ಸಂದಿಗಳಿಗೆ ಎಪಾಕ್ಸಿ ಗ್ರೌಟ್ ತುಂಬಿದರೆ ಜಿರಳೆಗೆ ಜಾಗ ಉಳಿಯುವುದಿಲ್ಲ.

ನಾವು ಒಪ್ಪುವುದು ಮಿಶ್ರ ಕಟ್ಟೆಯನ್ನು: ಸಿಂಕು, ಒಲೆ, ರೊಟ್ಟಿ ಜಾಗದ ಕೆಳಗೆ ಕಡಪಾ, ಒಣ ತುದಿಯಲ್ಲಿ ಐಎಸ್ 710 ಪ್ಲೈ ಪೆಟ್ಟಿಗೆ, ಅದರಲ್ಲಿ ಡ್ರಾಯರ್‌ಗಳು. ಎಲ್ಲಾ ಮುಖಕ್ಕೂ ಒಂದೇ ಬಣ್ಣದ ಬಾಗಿಲು ಹಾಕಿದರೆ ಹೊರಗೆ ಪೂರ್ತಿ ಮಾಡ್ಯುಲರ್ ಆಗಿಯೇ ಕಾಣುತ್ತದೆ. 25 ಕೆಜಿ ಸೋನಾಮಸೂರಿ ಚೀಲವನ್ನು ಡ್ರಾಯರಿಗೆ ಹಾಕುವವರು ಚಾನೆಲ್ಲಿನ ಮೇಲೆ ಬರೆದ ಭಾರದ ಮಿತಿ ನೋಡಿಕೊಳ್ಳಿ. ಕಟಕ್ ರೊಟ್ಟಿಗೆ ಮುಚ್ಚಿದ ಡ್ರಾಯರ್ ಬೇಡ, ಮೇಲೆ ಗಾಳಿಯಾಡುವ ಒಂದು ಗೂಡು ಬಿಡಿಸಿ.

ಬಾಗಿಲು ಮತ್ತು ಧೂಳು

ಸಂಡೂರು, ತೋರಣಗಲ್ಲು ಕಡೆ ಕೆಂಪು ಅದಿರಿನ ಧೂಳು, ಗಿಣಿಗೇರಾ ಸುತ್ತ ಕಾರ್ಖಾನೆಯ ಕಪ್ಪು ಧೂಳು. ಅಕ್ರಿಲಿಕ್ ಹೊಳಪಿನ ಬಾಗಿಲನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಆ ಧೂಳೇ ಗೀರು ಎಳೆಯುತ್ತದೆ. 1 ಮಿ.ಮೀ. ಮ್ಯಾಟ್ ಲ್ಯಾಮಿನೇಟ್ ಇಲ್ಲಿಗೆ ಸಲ್ಲುತ್ತದೆ, ಒರೆಸುವುದು ಒದ್ದೆ ಬಟ್ಟೆಯಲ್ಲೇ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮೇಲೆ ಹಾಳೆ ಎಳೆದ ಮೆಂಬ್ರೇನ್ ಬಾಗಿಲು ಒಲೆಯ ಶಾಖಕ್ಕೆ ಅಂಚಿನಿಂದ ಸುಲಿಯುತ್ತದೆ. ಹಿಡಿಕೆ ಇಲ್ಲದ ಬಾಗಿಲಿನ ಜೆ ಆಕಾರದ ತೋಡಿನಲ್ಲಿ ಹಿಟ್ಟು, ಧೂಳು ತುಂಬುತ್ತದೆ. ಸಾದಾ ಸ್ಟೀಲ್ ಹಿಡಿಕೆ ಹಾಕಿಸಿ. ತೆರೆದ ಫಳಿಗಳ ಫ್ಯಾಷನ್ನು ಈ ಮೂರು ಜಿಲ್ಲೆಗೆ ಹೇಳಿದ್ದಲ್ಲ.

ಉಳಿದದ್ದು

ಸಿಂಕಿಗೆ 304 ದರ್ಜೆಯ ಸ್ಟೀಲು, 18 ಗೇಜ್. ಗೇಜ್ ಅಂಕಿ ಕಡಿಮೆಯಾದಷ್ಟು ತಗಡು ದಪ್ಪ, 20 ಗೇಜ್ ತೆಳು. ಕರಿ ಕ್ವಾರ್ಟ್ಜ್ ಸಿಂಕಿನ ಮೇಲೆ ಸವಳಿನ ಬಿಳಿ ಪೊರೆ ದಿನವೂ ಕಾಣುತ್ತದೆ. ನಲ್ಲಿ ತುದಿಯ ಜಾಲರಿ ಕಟ್ಟಿಕೊಂಡರೆ ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ, ಆ ವಿನೆಗರ್ ಕಡಪಾ ಮೇಲೆ ಚೆಲ್ಲದಿರಲಿ. ಚಿಮಣಿಗೆ 6 ಇಂಚಿನ ಕೊಳವೆ, ಎರಡಕ್ಕಿಂತ ಹೆಚ್ಚು ತಿರುವು ಬೇಡ. ಸಿಲಿಂಡರ್ ಇರುವ ಗೂಡಿನ ಬಾಗಿಲಿಗೆ ನೆಲದ ಹತ್ತಿರ ಗಾಳಿಕಿಂಡಿ ಇರಲೇಬೇಕು, ಗ್ಯಾಸ್ ಗಾಳಿಗಿಂತ ಭಾರ, ಸೋರಿದ್ದು ಕೆಳಗೇ ನಿಲ್ಲುತ್ತದೆ. ಸುರಕ್ಷಾ ಕೊಳವೆ ಒಂದೂವರೆ ಮೀಟರ್ ಮೀರಬಾರದು, ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಒಲೆಯ ಜಾಗ ಗುರುತಿಸುವಾಗಲೇ ಈ ಅಂತರ ನೋಡಿ.

ಗ್ರಾನೈಟಿನ ಮುಂದಿನ ಅಂಚಿನ ಕೆಳಗೆ, ಒಂದು ಇಂಚು ಒಳಗೆ, ಕಟರಿನಿಂದ ಸಣ್ಣ ತೋಡು ಎಳೆಸಿದರೆ ನೀರು ಬಾಗಿಲಿಗೆ ಹರಿಯದೆ ಅಲ್ಲೇ ತೊಟ್ಟಿಕ್ಕುತ್ತದೆ. ಕಲ್ಲು ಕೂರಿಸಿದ ಮೇಲೆ ಇದನ್ನು ಮಾಡಲಾಗದು, ಅಂಗಡಿಯಲ್ಲೇ ಹೇಳಿ. ಕೊನೆಯ ಕಂತಿನ ಹಣ ಕೊಡುವ ಮೊದಲು ಸಿಂಕನ್ನು ಅಂಚಿನವರೆಗೆ ತುಂಬಿಸಿ, ಕೆಳಗೆ ಒಣ ಪೇಪರ್ ಹಾಸಿ, ನೀರನ್ನು ಒಮ್ಮೆಲೇ ಬಿಡಿ. ಪೇಪರ್ ಒದ್ದೆಯಾದ ಜಾಗದ ಮೇಲಿನ ಸಂದಿಯನ್ನು ಪ್ಲಂಬರ್ ಇರುವಾಗಲೇ ಬಿಗಿಸಿ, ಮತ್ತೊಮ್ಮೆ ತುಂಬಿಸಿ ನೋಡಿ.