ಬಿಚ್ಚುವ ಮೊದಲು ನೋಡುವ ಗ್ಯಾರೇಜು: ನಮ್ಮ ಓಮ್ನಿಯ ಆಯಿಲ್ ಸೋರಿಕೆ ಸಿಕ್ಕಿದ ಬಗೆ

ಅಡಿಕೆ ಹರವಲೆಂದು ಸಗಣಿ ಸಾರಿಸಿ ಅಣಿಮಾಡಿದ ಅಂಗಳದ ಒಂದು ಮೂಲೆಯಲ್ಲಿ ನಮ್ಮ ಮಾರುತಿ ಓಮ್ನಿ ನಿಲ್ಲುತ್ತದೆ. ಕಳೆದ ದೀಪಾವಳಿ ಕಳೆದ ಮೇಲೆ ಅದು ನಿಂತ ಜಾಗದಲ್ಲಿ ಅಂಗೈಯಗಲದ ಕಪ್ಪು ಕಲೆ ಕಾಣಿಸಿಕೊಳ್ಳತೊಡಗಿತು. ಕೆರೆದು ತೆಗೆದು ಮತ್ತೆ ಸಾರಿಸಿದರೂ ಎರಡೇ ದಿನದಲ್ಲಿ ಅದೇ ಜಾಗದಲ್ಲಿ ಇನ್ನೊಂದು ಕಲೆ ಮೂಡುತ್ತಿತ್ತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಸುಮಾರು 500 ಕಿಲೋಮೀಟರಿಗೊಮ್ಮೆ ಕಾಲು ಲೀಟರಿನಷ್ಟು ಎಣ್ಣೆ ಇಳಿದಿರುತ್ತಿತ್ತು. ಒಟ್ಟು ಹಿಡಿಯುವುದೇ ಮೂರು ಲೀಟರ್ ಆಸುಪಾಸು ಇರುವ ಎಂಜಿನ್ನಿಗೆ ಇದು ಸಣ್ಣ ನಷ್ಟವಲ್ಲ. ಅದಕ್ಕಿಂತ ಹೆಚ್ಚಾಗಿ, ಓಮ್ನಿಯ ಎಂಜಿನ್ ಮುಂದಿನ ಸೀಟಿನ ಕೆಳಗೇ ಇರುವುದರಿಂದ, ಬಿಸಿಯಾದ ಸೈಲೆನ್ಸರ್ ಪೈಪಿನ ಮೇಲೆ ಎಣ್ಣೆ ಬಿದ್ದಾಗಲೆಲ್ಲ ಕಮಟು ವಾಸನೆ ನೇರವಾಗಿ ಗಾಡಿಯೊಳಗೆ ಬರುತ್ತಿತ್ತು. ಮಕ್ಕಳನ್ನು ಶಾಲೆಗೆ ಬಿಡುವ ಗಾಡಿಯಲ್ಲಿ ಅಂಥ ವಾಸನೆ ಬಂದರೆ ಯಾರಿಗಾದರೂ ಎದೆ ಅಳುಕುತ್ತದೆ.

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಿ, ಬೋರ್ಡು ಕೂಡ ಇಲ್ಲದ ಒಂದು ಪುಟ್ಟ ಗ್ಯಾರೇಜಿನಲ್ಲಿ ಈ ಸೋರಿಕೆಯ ಮೂಲ ಸಿಕ್ಕಿತು. ಅಲ್ಲಿಗೆ ಹೋಗುವ ಮೊದಲು ನಮ್ಮ ಕಡೆಯ ಇನ್ನೊಂದು ಗ್ಯಾರೇಜಿನಲ್ಲಿ ಮೂರು ಸಲ ಕೆಲಸ ಮಾಡಿಸಿದ್ದೆ. ಮೊದಲ ಸಲ ಎಂಜಿನ್ನಿನ ನೆತ್ತಿಯ ಮುಚ್ಚಳವಾದ ಟ್ಯಾಪೆಟ್ ಕವರಿನ ಪ್ಯಾಕಿಂಗ್ (ಸಂದಿನಲ್ಲಿ ಎಣ್ಣೆ ತಡೆಯುವ ಪಟ್ಟಿ) ಬದಲಾಯಿತು, ಎರಡನೆಯ ಸಲ ತಳದಲ್ಲಿ ಎಣ್ಣೆ ನಿಲ್ಲುವ ಚೇಂಬರ್ ಇಳಿಸಿ ಅದರ ಪ್ಯಾಕಿಂಗ್ ಬದಲಾಯಿತು. ಮೂರನೆಯ ಸಲ ಮತ್ತೆ ಟ್ಯಾಪೆಟ್ ಕವರ್ ತೆಗೆದು, ಪ್ಯಾಕಿಂಗಿನ ಎರಡೂ ಬದಿಗೆ ಗ್ಯಾಸ್ಕೆಟ್ ಅಂಟನ್ನು ದಪ್ಪಗೆ ಬಳಿದು ಕೂರಿಸಿದರು. ಇಷ್ಟಕ್ಕೆ 3,850 ರೂಪಾಯಿ ಖರ್ಚಾದರೂ ಕಲೆ ಮಾತ್ರ ಅಷ್ಟೇ ಅಗಲವಾಗಿ ಬೀಳುತ್ತಿತ್ತು. ಕೊನೆಗೆ, ಎಂಜಿನ್ನಿನ ಮುಖ್ಯ ತಿರುಗುವ ದಂಡವಾದ ಕ್ರ್ಯಾಂಕಿನ ಹಿಂಬದಿಯಲ್ಲಿ ಎಣ್ಣೆ ತಡೆಯುವ ಆಯಿಲ್ ಸೀಲ್ ಹೋಗಿದೆ, ಗೇರ್ ಬಾಕ್ಸ್ ಇಳಿಸಬೇಕು, ಇಳಿಸಿದ ಮೇಲೆ ಕ್ಲಚ್ ಪ್ಲೇಟನ್ನೂ ಬದಲಿಸುವುದು ಒಳ್ಳೆಯದು ಎಂದು 7,500 ರೂಪಾಯಿಯ ಲೆಕ್ಕ ಹೇಳಿದರು. ಅವರು ನನಗೆ ಮೋಸ ಮಾಡಲು ಹೊರಟಿದ್ದರೆಂದು ನಾನು ಹೇಳುವುದಿಲ್ಲ. ಆದರೆ ಮೂರು ಸಲದಲ್ಲಿ ಒಮ್ಮೆಯೂ ಎಂಜಿನ್ನನ್ನು ತೊಳೆದು, ಎಣ್ಣೆ ಎಲ್ಲಿಂದ ಹೊರಡುತ್ತದೆಂದು ಯಾರೂ ನೋಡಲಿಲ್ಲ ಎಂಬುದು ನಿಜ.

ಆಟೋ ಕಾಂಪ್ಲೆಕ್ಸ್‌ನ ಮೆಕ್ಯಾನಿಕ್ ಐವತ್ತು ದಾಟಿದವರು, ಸಹಾಯಕ್ಕೆ ಒಬ್ಬ ಹುಡುಗನಿದ್ದಾನೆ. ನಾನು ಗೇರ್ ಬಾಕ್ಸ್ ಇಳಿಸುವ ವಿಚಾರ ಎತ್ತುತ್ತಿದ್ದಂತೆ ಅವರು ಕೈಯಡ್ಡ ಮಾಡಿ, ‘ಸಾರ್, ಮೊದ್ಲು ನೋಡಾಣ, ಆಮೇಲೆ ಬಿಚ್ಚಾಣ. ನೋಡೋದಕ್ಕೇ ಬೇರೆ ಚಾರ್ಜ್ ಆಗುತ್ತೆ, ಅದನ್ನ ಈಗ್ಲೇ ಹೇಳಿಬಿಡ್ತೀನಿ’ ಎಂದರು. ಪತ್ತೆ ಹಚ್ಚುವುದಕ್ಕೆ 600 ರೂಪಾಯಿ, ಎಷ್ಟು ಸಲ ಬಂದರೂ ಅಷ್ಟೇ. ಕೆಲಸ ಅವರಲ್ಲಿ ಮಾಡಿಸಲಿ, ಬಿಡಲಿ, ಅಷ್ಟು ಕೊಡಬೇಕು. ನಮ್ಮಲ್ಲಿ ನೋಡುವುದಕ್ಕೆ ದುಡ್ಡು ಕೇಳಿದರೆ ಅನೇಕರು ಮುಖ ಸಿಂಡರಿಸುತ್ತಾರೆ. ನನ್ನ ಮಟ್ಟಿಗೆ ಆ ಇಡೀ ಗ್ಯಾರೇಜಿನಲ್ಲಿ ಅತ್ಯಂತ ಪ್ರಾಮಾಣಿಕವಾದದ್ದು ಈ ದರವೇ. ನೋಡುವುದಕ್ಕೆ ಕೂಲಿ ಸಿಗದಿದ್ದಾಗಲೇ ಮೆಕ್ಯಾನಿಕ್ಕುಗಳು ಬಿಚ್ಚುವುದರಲ್ಲಿ ಕೂಲಿ ಹುಡುಕಬೇಕಾಗುತ್ತದೆ.

ಮೊದಲು ಅವರು ಸೋರುತ್ತಿರುವುದು ಎಂಜಿನ್ ಆಯಿಲ್ ಹೌದೋ ಅಲ್ಲವೋ ಎಂದು ಖಚಿತಪಡಿಸಿಕೊಂಡರು. ಗಾಡಿಯ ಕೆಳಗೆ ಬಿಳಿ ರಟ್ಟು ಹಾಸಿ, ಬಿದ್ದ ಹನಿಯನ್ನು ಬೆರಳಿಗೆ ಹಚ್ಚಿ ಮೂಸಿ ನೋಡಿದರು. ಗೇರ್ ಆಯಿಲ್‌ಗೆ ಗಂಧಕದ ಘಾಟು ಇರುತ್ತದೆ, ಅದು ಎಂಜಿನ್ ಆಯಿಲ್‌ಗಿಂತ ಮಂದವೂ ಹೌದು. ನಮ್ಮ ಹನಿ ತೆಳ್ಳಗೆ, ಕಪ್ಪಗೆ ಇತ್ತು, ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು. ಆಮೇಲೆ ಅವರು ಗಾಡಿಯ ಕೆಳಗೆ ಮಲಗಿ, ಎಂಜಿನ್ನಿಗೆ ಗೇರ್ ಬಾಕ್ಸ್ ಸೇರುವ ಕಡೆಯ ಗಂಟೆಯಾಕಾರದ ಹೌಸಿಂಗಿನ ಮೇಲ್ಭಾಗಕ್ಕೆ ಕೈ ತೂರಿಸಿ, ಬೆರಳು ಹೊರಗೆ ತೆಗೆದು ನನಗೆ ತೋರಿಸಿದರು. ಬೆರಳು ಪೂರ್ತಿ ಎಣ್ಣೆಯಾಗಿತ್ತು. ಹಿಂಬದಿಯ ಸೀಲ್ ಹೋಗಿದ್ದರೆ ಎಣ್ಣೆ ಆ ಹೌಸಿಂಗಿನ ಒಳಗೆ ಇಳಿದು ತಳದಿಂದ ತೊಟ್ಟಿಕ್ಕಬೇಕು. ಅದರ ಹೊರಮೈಯ ನೆತ್ತಿ ನೆನೆಯಬೇಕಾದರೆ ಎಣ್ಣೆ ಅದಕ್ಕೂ ಮೇಲಿನಿಂದಲೇ ಬರುತ್ತಿರಬೇಕು. ನನಗೆ ಹೇಳಿದ್ದ 7,500 ರೂಪಾಯಿಯ ಕೆಲಸ ಅನಗತ್ಯವೆಂದು ತೋರಿಸಲು ಅವರಿಗೆ ಐದು ನಿಮಿಷವೂ ಬೇಕಾಗಲಿಲ್ಲ. ಆದರೂ ಅವರು ಅಷ್ಟಕ್ಕೇ ತೀರ್ಪು ಕೊಡಲಿಲ್ಲ.

ಎಣ್ಣೆ ಬಿದ್ದ ಜಾಗಕ್ಕೂ ಹೊರಟ ಜಾಗಕ್ಕೂ ಸಂಬಂಧವೇ ಇರಬೇಕೆಂದಿಲ್ಲ. ಗಾಡಿ ಓಡುವಾಗ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ, ಭಾರ ಅದನ್ನು ಕೆಳಕ್ಕೆ ಎಳೆಯುತ್ತದೆ. ಹೀಗಾಗಿ ಎಂಜಿನ್ನಿನ ಮೇಲೆ ಸೋರಿದ್ದು ಅಂಚುಗಳ ಗುಂಟ ಹರಿದು, ಎಲ್ಲೋ ಒಂದು ಬೋಲ್ಟಿನ ತಲೆಯಿಂದ ತೊಟ್ಟಿಕ್ಕುತ್ತದೆ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಯಾವ ಜಾಗ ಒದ್ದೆಯಾಗಿದೆಯೋ ಅದನ್ನು ಹಿಡಿಯಬೇಕು. ವರ್ಷಗಟ್ಟಲೆ ಎಣ್ಣೆಗೆ ಧೂಳು ಮೆತ್ತಿ ಕರಿಯಾದ ಎಂಜಿನ್ನಿನ ಮೇಲೆ ಅದು ಕಾಣುವುದಿಲ್ಲ. ಆದ್ದರಿಂದ ಅವರು ಸೀಟು ಎತ್ತಿ, ಸ್ಪಾರ್ಕ್ ಪ್ಲಗ್ಗುಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿಗೂ ವೈರುಗಳಿಗೂ ಪ್ಲಾಸ್ಟಿಕ್ ಸುತ್ತಿ, ಡೀಸೆಲ್ ಮತ್ತು ಬ್ರಷ್ಷಿನಿಂದ ಎಂಜಿನ್ನನ್ನು ಮುಕ್ಕಾಲು ಗಂಟೆ ಉಜ್ಜಿಸಿ, ಗಾಳಿ ಹೊಡೆಸಿ, ಬಟ್ಟೆಯಿಂದ ಒರೆಸಿ ಒಣಗಿಸಿದರು. ಡೀಸೆಲ್ ಉಳಿದಿದ್ದರೆ ಅದೇ ಎಣ್ಣೆಯ ಹಾಗೆ ಕಂಡು ದಾರಿ ತಪ್ಪಿಸುತ್ತದೆ, ಬಿಸಿ ಎಂಜಿನ್ನಿನ ಮೇಲೆ ಅದು ಅಪಾಯವೂ ಹೌದು. ಒಣಗಿದ ಮೇಲೆ ಮೈಗೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ, ಆಯನೂರಿನವರೆಗೆ ಹೋಗಿ ಬನ್ನಿ ಎಂದು ಕಳಿಸಿದರು. ಒಣ ಪೌಡರಿನ ಮೇಲೆ ಎಣ್ಣೆಯ ದಾರಿ ಕಪ್ಪು ಗೆರೆಯಾಗಿ ಮೂಡುತ್ತದೆ ಎಂಬುದು ಲೆಕ್ಕಾಚಾರ.

ಅಂದು ಗೆರೆ ಮೂಡಲಿಲ್ಲ. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಹಿಂಬದಿಯಲ್ಲಿ ಪೌಡರು ತುಸು ಕಂದಿತ್ತೇ ಹೊರತು, ಇದೇ ಎಂದು ಬೆರಳಿಟ್ಟು ತೋರಿಸುವಂತೆ ಏನೂ ಇರಲಿಲ್ಲ. ಅವರು ಅದನ್ನು ಮುಚ್ಚಿಡದೆ ಹೇಳಿ, ಎಂಜಿನ್ ಚೆನ್ನಾಗಿ ಕಾದು ಎಣ್ಣೆ ನೀರಿನಂತೆ ತೆಳ್ಳಗಾದಾಗ ಮಾತ್ರ ಈ ಸೋರಿಕೆ ಹೊರಬರುತ್ತಿರಬಹುದು ಎಂದರು. ಎಂಜಿನ್ ಆಯಿಲ್‌ಗೆಂದೇ ಬರುವ, ನೇರಳಾತೀತ ಬೆಳಕಿಗೆ ಹೊಳೆಯುವ ಡೈಯನ್ನು ಸಣ್ಣ ಅಳತೆಯಲ್ಲಿ ಎಣ್ಣೆಗೆ ಸೇರಿಸಿದರು. ಡೈಗೆ 250 ರೂಪಾಯಿ. ನಾಲ್ಕು ದಿನ ಎಂದಿನಂತೆ ಓಡಿಸಿ ಬರುವಂತೆ ಹೇಳಿದರು. ಹೊರಡುವ ಮುನ್ನ ಎಂಜಿನ್ ಚಾಲೂ ಇಟ್ಟು, ಎಣ್ಣೆ ಹಾಕುವ ಮುಚ್ಚಳ ತೆಗೆದು, ಬಾಯಿಯ ಮೇಲೆ ಒಂದು ಚೂರು ಕಾಗದ ಹಿಡಿದು ನೋಡಿದರು. ಪಿಸ್ಟನ್ನಿನ ರಿಂಗುಗಳು ಸವೆದಿದ್ದರೆ, ಇಲ್ಲವೇ ಹಬೆಯನ್ನು ಹೊರಬಿಡುವ ಬ್ರೀದರ್ ಪೈಪು ಕಟ್ಟಿಕೊಂಡಿದ್ದರೆ ಒಳಗಿನ ಹಬೆಗೆ ಹೊರಹೋಗಲು ದಾರಿ ಸಾಲದೆ ಒತ್ತಡ ಏರುತ್ತದೆ, ಆಗ ಎಷ್ಟೇ ಹೊಸ ಸೀಲ್ ಹಾಕಿದರೂ ಎಣ್ಣೆ ಅದನ್ನು ದಾಟಿ ಬರುತ್ತದೆ. ನಮ್ಮ ಗಾಡಿಯಲ್ಲಿ ಕಾಗದ ಸ್ವಲ್ಪ ಹೆಚ್ಚೇ ಪಟಪಟಿಸಿತು. ಟ್ಯಾಪೆಟ್ ಕವರಿನಿಂದ ಏರ್ ಫಿಲ್ಟರಿಗೆ ಹೋಗುವ ಈ ಬ್ರೀದರ್ ಪೈಪನ್ನು ಬಿಚ್ಚಿ ನೋಡಿದರೆ ಒಳಗೆ ಬೆಲ್ಲದ ಜೋನಿಯಂಥ ಕರಿ ಜಿಡ್ಡು ಕಟ್ಟಿತ್ತು. ಅದನ್ನು ತೊಳೆದು ಹಾಕಿದ ಮೇಲೆ ಕಾಗದ ಶಾಂತವಾಯಿತು. ಮೂರು ಸಲ ಪ್ಯಾಕಿಂಗ್ ಬದಲಿಸಿದವರು ಒಮ್ಮೆ ಈ ಪೈಪಿನ ಕಡೆ ಕಣ್ಣು ಹಾಯಿಸಬೇಕಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ನಾಲ್ಕು ದಿನದ ನಂತರ ಮತ್ತೆ ಹೋದಾಗ ಸಂಜೆಯಾಗಿತ್ತು. ಶೆಟರ್ ಅರ್ಧ ಇಳಿಸಿ ಕತ್ತಲೆ ಮಾಡಿಕೊಂಡು, ಹಳದಿ ಕನ್ನಡಕ ಹಾಕಿಕೊಂಡು ನೇರಳೆ ಟಾರ್ಚು ಬಿಟ್ಟರು. ಟ್ಯಾಪೆಟ್ ಕವರಿನ ಸುತ್ತ ಏನೂ ಇರಲಿಲ್ಲ. ಹೆಡ್ಡಿನ ಹಿಂತುದಿಯಲ್ಲಿ, ಡಿಸ್ಟ್ರಿಬ್ಯೂಟರ್ ತನ್ನ ಕೇಸಿನೊಳಗೆ ಕೂರುವ ಸಂದಿನ ಕೆಳತುಟಿಯಲ್ಲಿ, ಸಾಸಿವೆ ಕಾಳಿನಷ್ಟು ದೊಡ್ಡ ಹನಿಯೊಂದು ಹಸಿರು ಹಳದಿಯಾಗಿ ಹೊಳೆಯುತ್ತಿತ್ತು. ಅದರ ಕೆಳಗೆ ಬೆರಳಗಲದ ಗೆರೆಯೊಂದು ಹೆಡ್ಡಿನ ಬೆನ್ನ ಮೇಲೆ ಇಳಿದು ನೇರ ಗೇರ್ ಬಾಕ್ಸಿನ ಹೌಸಿಂಗಿನ ನೆತ್ತಿಗೆ ಹೋಗಿ, ಅಲ್ಲಿ ಎರಡಾಗಿ ಕವಲೊಡೆದಿತ್ತು. ನಾಲ್ಕು ತಿಂಗಳು ನನ್ನ ಅಂಗಳವನ್ನು ಕೆಡಿಸಿದ್ದರ ಮೂಲ ಕಣ್ಣೆದುರಿಗೇ ಇತ್ತು. ಈ 796 ಸಿಸಿಯ ಹಳೆಯ ಎಂಜಿನ್ನಿನಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟು. ಆದ್ದರಿಂದ ಎಣ್ಣೆ ಅಲ್ಲಿಯವರೆಗೂ ಬಂದೇ ಬರುತ್ತದೆ, ಅದನ್ನು ಹೊರಬಾರದಂತೆ ತಡೆಯುವುದು ಒಂದು ರಬ್ಬರ್ ಓ-ರಿಂಗು.

ಬಿಚ್ಚುವ ಮೊದಲು ಅವರು ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು ಒಳಗೆ ನೋಡಿದರು. ಒಳಗೂ ಎಣ್ಣೆಯಿದ್ದರೆ ಶಾಫ್ಟಿನ ಸೀಲೂ ಹೋಗಿದೆ ಎಂದರ್ಥ, ಆಗ ಖರ್ಚು ಬೇರೆ. ಒಳಗೆ ಒಣಗಿತ್ತು. ಅದರೊಳಗೆ ತಿರುಗುವ ರೋಟರ್ ಯಾವ ಕಡೆ ಮುಖ ಮಾಡಿದೆ, ಬಾಡಿ ಎಷ್ಟು ತಿರುಗಿ ಕೂತಿದೆ ಎಂಬುದಕ್ಕೆ ಬಿಳಿ ಪೇಂಟಿನಲ್ಲಿ ಗುರುತು ಮಾಡಿಕೊಂಡು, ಒಂದು ಬೋಲ್ಟು ಸಡಿಲಿಸಿ ಅದನ್ನು ಹೊರಗೆಳೆದರು. ಹೊರಬಂದ ಓ-ರಿಂಗನ್ನು ನನ್ನ ಅಂಗೈ ಮೇಲೆ ಇಟ್ಟರು. ದುಂಡಗಿರಬೇಕಾದ ರಬ್ಬರು ಒಂದು ಬದಿ ಚಪ್ಪಟೆಯಾಗಿತ್ತು, ಉಗುರಿನಿಂದ ಒತ್ತಿದರೆ ಬಾಗುವ ಬದಲು ಹಪ್ಪಳದಂತೆ ಚಟ್ ಎಂದು ಮುರಿಯಿತು. ಗಾಡಿ 2008ರದ್ದು, ಓಡಿರುವುದು 1,34,000 ಕಿಲೋಮೀಟರ್. ಅಷ್ಟು ವರ್ಷ ಎಂಜಿನ್ನಿನ ಕಾವಿನಲ್ಲಿ ಬೆಂದ ರಬ್ಬರು ಹಾಗಾಗುವುದು ಸಹಜವೇ. ಹೊಸದಕ್ಕೆ 40 ರೂಪಾಯಿ. ಅದಕ್ಕೆ ಎಣ್ಣೆ ಸವರಿ ಕೂರಿಸಿ, ಗುರುತಿಗೆ ಸರಿಯಾಗಿ ಡಿಸ್ಟ್ರಿಬ್ಯೂಟರ್ ಇಳಿಸಿ, ಗುರುತನ್ನಷ್ಟೇ ನಂಬದೆ ಕಿಡಿ ಹಾರುವ ಗಳಿಗೆಯನ್ನು ತೋರಿಸುವ ಟೈಮಿಂಗ್ ಲೈಟ್ ಹಿಡಿದು ಮತ್ತೆ ಪರೀಕ್ಷಿಸಿದರು. ಗ್ಯಾಸ್ಕೆಟ್ ಅಂಟನ್ನು ಎಲ್ಲೂ ಹಚ್ಚಲಿಲ್ಲ. ಹಿಂದೆ ಟ್ಯಾಪೆಟ್ ಕವರಿಗೆ ಬಳಿದದ್ದನ್ನು ತೋರಿಸಿ, ಒಳಗೆ ಹಿಂಡಿಕೊಂಡ ಅಂಟು ಕಳಚಿ ಚೇಂಬರಿಗೆ ಬಿದ್ದರೆ ಎಣ್ಣೆ ಹೀರುವ ಜಾಲರಿಗೆ ಅಡ್ಡ ಕೂರುತ್ತದೆ, ಮುಂದಿನ ಸಲ ಕವರ್ ತೆಗೆದಾಗ ಅದನ್ನು ಕೆರೆದು ತೆಗೆಯಬೇಕು ಎಂದು ಎಚ್ಚರಿಸಿದರು. ಈ ಕೆಲಸದ ಕೂಲಿ 350 ರೂಪಾಯಿ, ಎಲ್ಲ ಸೇರಿ ನಾನು ಕೊಟ್ಟದ್ದು 1,240.

ಕೊರತೆಗಳನ್ನೂ ಹೇಳಬೇಕು. ನಮ್ಮೂರಿನಿಂದ ಎರಡು ಸಲ ಹೋಗಿಬರಬೇಕಾಯಿತು, ಮೊದಲ ದಿನ ಪೂರ್ತಿ ಅಲ್ಲೇ ಕಳೆಯಿತು. ಕೂರಲು ಒಂದು ಹಳೆಯ ಟೈರು ಬಿಟ್ಟರೆ ಬೇರೇನಿಲ್ಲ, ವಯಸ್ಸಾದವರನ್ನು ಜೊತೆಗೆ ಕರೆದೊಯ್ಯಬಾರದು. ರಸೀದಿ ಕೇಳಿದ್ದಕ್ಕೆ ನೋಟ್ ಪುಸ್ತಕದ ಹಾಳೆಯಲ್ಲಿ ಲೆಕ್ಕ ಬರೆದುಕೊಟ್ಟರು, ಮುದ್ರಿತ ಬಿಲ್ ಇಲ್ಲ. ಫೋನು ಎತ್ತುವುದು ಅಪರೂಪ. ಅವರ ತಿಳಿವಳಿಕೆಯೆಲ್ಲ ಇಂಥ ಹಳೆಯ ಎಂಜಿನ್ನುಗಳದ್ದು. ಸೆನ್ಸರ್ ತುಂಬಿದ ಹೊಸ ಗಾಡಿಗಳನ್ನು ಅವರೇ ಬೇರೆ ಕಡೆಗೆ ಕಳಿಸಿಬಿಡುತ್ತಾರೆ. ಡೈ ಬಗ್ಗೆಯೂ ಒಂದು ಮಾತು: ಮುಂದಿನ ಆಯಿಲ್ ಬದಲಾವಣೆಯವರೆಗೆ ಅದು ಎಣ್ಣೆಯಲ್ಲೇ ಇರುತ್ತದೆ, ಹಳೆಯ ಸೋರಿಕೆಯ ಜಾಗವನ್ನು ಚೆನ್ನಾಗಿ ಒರೆಸದಿದ್ದರೆ ಟಾರ್ಚು ಬಿಟ್ಟಾಗ ಹಳೆಯ ಕಲೆಯೂ ಹೊಸದರಂತೆಯೇ ಹೊಳೆಯುತ್ತದೆ. ಅವರು ಒರೆಸಿಯೇ ಕಳಿಸಿದರು.

ಆಮೇಲೆ ಗಾಡಿ 1,100 ಕಿಲೋಮೀಟರ್ ಓಡಿದೆ. ವಾರಕ್ಕೊಮ್ಮೆ ರಾತ್ರಿ ಅದರ ಕೆಳಗೆ ರಟ್ಟು ಹಾಸಿ ಬೆಳಿಗ್ಗೆ ನೋಡುತ್ತಿದ್ದೇನೆ, ಗೇರ್ ಬಾಕ್ಸಿನ ಕಡೆ ಒಂದು ಹನಿಯೂ ಬಿದ್ದಿಲ್ಲ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ಎಳೆದರೆ ಎಣ್ಣೆಯ ಮಟ್ಟ ಕೂದಲೆಳೆಯಷ್ಟು ಇಳಿದಂತೆ ಕಾಣುತ್ತದೆ, ಮೇಲೆ ಹಾಕುವ ಪ್ರಸಂಗ ಬಂದಿಲ್ಲ. ಗಾಡಿಯೊಳಗಿನ ವಾಸನೆ ಮೂರನೆಯ ದಿನಕ್ಕೇ ಹೋಯಿತು. ಚೇಂಬರಿನ ಮುಂದಿನ ಮೂಲೆಯಲ್ಲಿ ಬೆವರಿದಂತೆ ತುಸು ತೇವವಿದೆ. ಅದನ್ನು ಅವರಿಗೆ ತೋರಿಸಿದ್ದೆ. ‘ಅದು ಹನಿ ಕಟ್ಟಿಲ್ಲ ಸಾರ್, ಈಗ ಮುಟ್ಟೋದು ಬೇಡ. ಮಳೆಗಾಲ ಮುಗಿದ್ಮೇಲೆ ಆಯಿಲ್ ಬದಲಾಯಿಸೋಕೆ ಬರ್ತೀರಲ್ಲ, ಆಗ ನೋಡಾಣ’ ಎಂದು ಹೇಳಿ, ಆ ಮೂಲೆಯ ಬೋಲ್ಟಿನ ಪಕ್ಕ ಬಿಳಿ ಪೇಂಟಿನಲ್ಲಿ ಒಂದು ಚುಕ್ಕೆ ಇಟ್ಟು ಕಳಿಸಿದ್ದಾರೆ.